ಐದು ವರ್ಷ ಫ್ರೆಂಚ್ ಓದಿದೆ, ಮಾತು ಬರಲಿಲ್ಲ. ಬೇರೆ ದೇಶದ ಶಾಲೆಗಳಲ್ಲಿ ಹೇಗೆ ಕಲಿಸುತ್ತಾರೆ?

ಮೊದಲ ಬೆಂಚು:

ಎಲ್ಲರಿಗೂ ನಮಸ್ಕಾರ. ಮಗಳು ಈ ವರ್ಷ ಶಾಲೆಯಲ್ಲಿ ಒಂದು ವಿದೇಶಿ ಭಾಷೆ ಆರಿಸಿಕೊಳ್ಳಬೇಕು. ಫ್ರೆಂಚ್, ಜರ್ಮನ್, ಜಪಾನೀಸ್, ಮೂರರಲ್ಲಿ ಒಂದು. ಫಾರಂ ಮೇಜಿನ ಮೇಲೇ ಇದೆ, ಸಹಿ ಹಾಕಲು ಮನಸ್ಸು ಬರುತ್ತಿಲ್ಲ.

ಯಾಕೆ ಅಂದರೆ ನಾನು ಶಾಲೆಯಲ್ಲಿ 5 ವರ್ಷ ಫ್ರೆಂಚ್ ಓದಿದವಳು. ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಕ್ರಿಯಾಪದದ ರೂಪಗಳನ್ನು ಮಗ್ಗಿ ಥರ ಹೇಳುತ್ತೇನೆ, ಜ ಸ್ವಿ, ತು ಎ, ಇಲ್ ಎ. ಅಂಕ ಯಾವಾಗಲೂ 90ರ ಮೇಲೆ. ಕೆಲಸಕ್ಕೆ ಸೇರಿದ ಮೇಲೆ ಒಂದು ದಿನ ಫ್ರಾನ್ಸಿನಿಂದ ಬಂದಿದ್ದ ಸಹೋದ್ಯೋಗಿ ಲಿಫ್ಟ್‌ನಲ್ಲಿ ನಗುತ್ತಾ "ಸಾ ವಾ?" ಅಂದರು. ಹೇಗಿದ್ದೀರಿ ಅಂತ, ಅಷ್ಟೇ. ಉತ್ತರ ಗೊತ್ತಿತ್ತು, ಪುಸ್ತಕದ ಮೊದಲನೇ ಪಾಠದಲ್ಲೇ ಇತ್ತು. ಬಾಯಿ ಮಾತ್ರ ತೆರೆಯಲಿಲ್ಲ. ಲಿಫ್ಟ್ ನಿಂತಿತು, ಅವರು ಇಳಿದು ಹೋದರು, ನಾನು ಮನಸ್ಸಿನಲ್ಲೇ ವಾಕ್ಯ ಜೋಡಿಸುತ್ತಾ ನಿಂತಿದ್ದೆ.

ಮಗಳಿಗೂ ಹೀಗೇ ಆಗಬಾರದು. ಶಾಲೆಯಲ್ಲಿ ಕಲಿತ ಭಾಷೆ ನಿಜವಾಗಿ ಬಾಯಿಗೆ ಬರುವ ದೇಶ ಯಾವುದು? ಅಲ್ಲಿ ಏನು ಬೇರೆ ಮಾಡುತ್ತಾರೆ? ಚಿಕ್ಕ ವಯಸ್ಸಿನಲ್ಲೇ ಶುರು ಮಾಡುವುದಾ ಗುಟ್ಟು? ಕಣ್ಣಾರೆ ನೋಡಿದವರು ದಯವಿಟ್ಟು ಬರೆಯಿರಿ.

ಗಡಿ ದಾಟಿದವ:

ನಾವು ಲಕ್ಸೆಂಬರ್ಗ್‌ನಲ್ಲಿ ಇದ್ದೇವೆ, ಇಬ್ಬರು ಮಕ್ಕಳೂ ಇಲ್ಲಿನ ಸರ್ಕಾರಿ ಶಾಲೆಯಲ್ಲೇ ಓದಿದ್ದು. ಇಲ್ಲಿ ಶಿಶುವಿಹಾರದಲ್ಲಿ ಮಾತೆಲ್ಲ ಲಕ್ಸೆಂಬರ್ಗಿಷ್. ಒಂದನೇ ತರಗತಿಗೆ ಬಂದರೆ ಓದು, ಬರಹ ಜರ್ಮನ್‌ನಲ್ಲಿ. ಸ್ವಲ್ಪ ದಿನಕ್ಕೇ ಫ್ರೆಂಚ್ ಸೇರುತ್ತದೆ. ಪ್ರೌಢಶಾಲೆಗೆ ಹೋದ ಮೇಲೆ ಇಂಗ್ಲಿಷ್.

ಆದರೆ ನಾನು ಹೇಳಬೇಕಾದ್ದು ಲೆಕ್ಕದ ಬಗ್ಗೆ. ನನ್ನ ಮಕ್ಕಳು ಪ್ರಾಥಮಿಕದಲ್ಲಿ ಗಣಿತ ಕಲಿತದ್ದು ಜರ್ಮನ್‌ನಲ್ಲಿ, ಪ್ರೌಢಶಾಲೆಯಲ್ಲಿ ಅದೇ ಗಣಿತ ಫ್ರೆಂಚ್‌ಗೆ ತಿರುಗಿತು. 92 ಅನ್ನುವುದನ್ನೇ ನೋಡಿ. ಜರ್ಮನ್‌ನಲ್ಲಿ "ಎರಡು ಮತ್ತು ತೊಂಬತ್ತು", ಫ್ರೆಂಚ್‌ನಲ್ಲಿ "ನಾಲ್ಕು ಇಪ್ಪತ್ತು ಹನ್ನೆರಡು". ದೊಡ್ಡವನು ಮೊದಲ ತಿಂಗಳು ತುಟಿಯಲ್ಲಿ ಜರ್ಮನ್ ಎಣಿಸಿ ಕೈಯಲ್ಲಿ ಫ್ರೆಂಚ್ ಬರೆಯುತ್ತಿದ್ದ, ರಾತ್ರಿ ಅತ್ತದ್ದೂ ಉಂಟು. ಆದರೆ ಲೆಕ್ಕ ಬಿಡಿಸಲೇಬೇಕಲ್ವಾ, ಅದಕ್ಕೆ ಫ್ರೆಂಚ್ ಬೇಕೇ ಬೇಕು. ಹಾಗಾಗಿ ಬಂತು. ಫ್ರೆಂಚ್ ಇಲ್ಲಿ ಬರೀ ಒಂದು ಪಿರಿಯಡ್ ಅಲ್ಲ, ಬೇರೆ ಪಾಠಗಳಿಗೆ ಹೋಗುವ ದಾರಿ.

ಇದು ಎಲ್ಲ ಮಕ್ಕಳಿಗೂ ಸುಲಭ ಅಂತ ತಿಳಿಯಬೇಡಿ. ಮನೆಯಲ್ಲಿ ಪೋರ್ಚುಗೀಸ್ ಮಾತಾಡುವ ಮಕ್ಕಳು ಇಲ್ಲಿ ತುಂಬಾ ಜನ. ಅವರಿಗೆ ಅಕ್ಷರವನ್ನೇ ಜರ್ಮನ್‌ನಲ್ಲಿ ಕಲಿಯುವುದು ದೊಡ್ಡ ಹೊರೆ, ಎಷ್ಟೋ ಮಕ್ಕಳು ಅಲ್ಲೇ ಹಿಂದೆ ಬೀಳುತ್ತಾರೆ. 2022ರಿಂದ ಕೆಲವು ಶಾಲೆಗಳಲ್ಲಿ ಫ್ರೆಂಚ್‌ನಲ್ಲೇ ಓದು ಬರಹ ಕಲಿಸಿ ನೋಡಲು ಶುರು ಮಾಡಿದ್ದು ಅದಕ್ಕೇ. ಬಹಳ ತಡ ಆಯಿತು ಅನ್ನುವುದು ನನ್ನ ಅಭಿಪ್ರಾಯ.

ಸೀಮೆಸುಣ್ಣ:

ನಾನು ಜಪಾನಿನ ಒಂದು ಶಾಲೆಯಲ್ಲಿ 3 ವರ್ಷ ಸಹಾಯಕ ಇಂಗ್ಲಿಷ್ ಶಿಕ್ಷಕಿಯಾಗಿದ್ದೆ. 1987ರಲ್ಲಿ ಜೆಟ್ ಅನ್ನುವ ಸರ್ಕಾರಿ ಯೋಜನೆ ಶುರುವಾಯಿತು, ಹೊರದೇಶದವರನ್ನು ಕರೆಸಿ ತರಗತಿಯಲ್ಲಿ ಅಲ್ಲಿನ ಶಿಕ್ಷಕರ ಜೊತೆ ನಿಲ್ಲಿಸುವುದು. ಅಂಥದ್ದೇ ಕೆಲಸ ನನ್ನದು.

ಮೊದಲ ಬೆಂಚು ಅವರೇ, ನಿಮ್ಮ ಲಿಫ್ಟ್ ಕಥೆ ಓದಿ ನನ್ನ ಮಕ್ಕಳೆಲ್ಲ ನೆನಪಾದರು. ಅಲ್ಲಿ "ಯಾಕುದೋಕು" ಅಂತ ಒಂದು ಪದ್ಧತಿ ಇದೆ, ಪದ ಪದ ಅನುವಾದ ಮಾಡಿ ಓದುವುದು. ಇಂಗ್ಲಿಷ್ ವಾಕ್ಯದ ಪದಗಳ ಕೆಳಗೆ ಪೆನ್ಸಿಲಿನಲ್ಲಿ ಚಿಕ್ಕದಾಗಿ 1, 4, 3, 2 ಅಂತ ಬರೆದುಕೊಂಡು ಆ ಕ್ರಮದಲ್ಲಿ ಜಪಾನೀಸ್‌ಗೆ ತಿರುಗಿಸುತ್ತಿದ್ದರು, ಯಾಕೆ ಅಂದರೆ ಕನ್ನಡದ ಥರ ಅಲ್ಲೂ ಕ್ರಿಯಾಪದ ಕೊನೆಗೆ ಬರುತ್ತದೆ. ಎಷ್ಟು ಉದ್ದದ ವಾಕ್ಯ ಕೊಟ್ಟರೂ ಬಿಡಿಸಿಬಿಡುತ್ತಿದ್ದರು. ನಾನು "ನಿನ್ನೆ ಏನು ಮಾಡಿದೆ?" ಅಂತ ಕೇಳಿದರೆ ಮಾತ್ರ ಇಡೀ ತರಗತಿ ತಲೆ ತಗ್ಗಿಸುತ್ತಿತ್ತು.

ಮಕ್ಕಳಲ್ಲಿ ಏನೂ ಕೊರತೆ ಇರಲಿಲ್ಲ. ಎಲ್ಲರ ಕಣ್ಣೂ ವಿಶ್ವವಿದ್ಯಾಲಯದ ಪ್ರವೇಶ ಪರೀಕ್ಷೆಯ ಮೇಲೆ. ದೇಶಕ್ಕೆಲ್ಲ ಒಂದೇ ಆದ ಆ ಪರೀಕ್ಷೆಗೆ, ಇಂಗ್ಲಿಷ್ ಕೇಳಿಸಿಕೊಂಡು ಉತ್ತರಿಸುವ ಭಾಗ ಸೇರಿದ್ದೇ 2006ರಲ್ಲಿ. ಮಾತಾಡಿಸಿ ನೋಡುವುದು ಇವತ್ತಿಗೂ ಇಲ್ಲ. ಪರೀಕ್ಷೆಗೆ ಬಾರದ್ದನ್ನು ಯಾರು ಕಲಿಸುತ್ತಾರೆ ಹೇಳಿ? ನಿಮಗೆ 90 ಬಂದದ್ದು ಸುಳ್ಳಲ್ಲ, ನಿಮ್ಮನ್ನು ಮಾತಾಡಿಸಿ ಯಾರೂ ಅಂಕ ಕೊಟ್ಟಿರಲಿಲ್ಲ ಅಷ್ಟೇ.

ಒಬ್ಬ ಹುಡುಗನಿದ್ದ, ಎರಡು ವರ್ಷ ನನ್ನ ಹತ್ತಿರ ತುಟಿ ಬಿಚ್ಚಲಿಲ್ಲ. ಒಂದು ದಿನ ಬೇಸ್‌ಬಾಲ್ ಪತ್ರಿಕೆ ಹಿಡಿದು ಸ್ಟಾಫ್ ರೂಮಿಗೇ ಬಂದ. ಅವನಿಗೆ ಇಷ್ಟವಾದ ಆಟಗಾರ ಅಮೆರಿಕಕ್ಕೆ ಹೋಗಿದ್ದ, ಅಲ್ಲಿನವರು ಏನು ಬರೆದಿದ್ದಾರೆ ಅಂತ ಅವನಿಗೆ ಗೊತ್ತಾಗಬೇಕಿತ್ತು. ವ್ಯಾಕರಣ ತಪ್ಪೋ ತಪ್ಪು, ಆದರೂ 20 ನಿಮಿಷ ಇಂಗ್ಲಿಷ್‌ನಲ್ಲೇ ಮಾತಾಡಿದೆವು. ಅವತ್ತು ನನಗೆ ಆದ ಖುಷಿ ಹೇಳತೀರದು.

ಗಂಟೆ ಲೆಕ್ಕ:

ಬೇಗ ಶುರು ಮಾಡುವುದರ ಬಗ್ಗೆ ಹೇಳುತ್ತೇನೆ. ಇಂಗ್ಲೆಂಡಿನಲ್ಲಿ 2014ರಿಂದ 7 ರಿಂದ 11 ವರ್ಷದ ಮಕ್ಕಳಿಗೆ ಒಂದು ವಿದೇಶಿ ಭಾಷೆ ಕಡ್ಡಾಯ. ಕೇಳಲು ಚೆನ್ನಾಗಿದೆ. ನನ್ನ ಮಗನಿಗೆ ವಾರಕ್ಕೆ 40 ನಿಮಿಷ ಫ್ರೆಂಚ್ ಇತ್ತು. 38 ವಾರ ಅಂದರೆ ವರ್ಷಕ್ಕೆ 25 ಗಂಟೆ, 4 ವರ್ಷಕ್ಕೆ 100. ಪಿರಿಯಡ್ ತಪ್ಪಿಹೋದ ದಿನಗಳನ್ನು ನಾನು ಕಳೆದಿಲ್ಲ. ಇಂಗ್ಲಿಷ್ ಬಲ್ಲ ವಯಸ್ಕರಿಗೆ ಫ್ರೆಂಚ್, ಸ್ಪ್ಯಾನಿಷ್ ಥರದ ಭಾಷೆ ಕೆಲಸಕ್ಕೆ ಆಗುವಷ್ಟು ಬರಲು ಸುಮಾರು 600 ರಿಂದ 750 ಗಂಟೆ ತರಗತಿ ಬೇಕು ಅನ್ನುವುದು ಅಮೆರಿಕದ ರಾಯಭಾರ ಸಿಬ್ಬಂದಿಗೆ ಕಲಿಸುವ ಸಂಸ್ಥೆಯ ಅಂದಾಜು. ಜಪಾನೀಸ್‌ಗೆ 2200. ಎಲ್ಲಿಯ 100, ಎಲ್ಲಿಯ 700!

ಇನ್ನೂ ಬೇಜಾರಿನ ವಿಷಯ, ಮಗ ಪ್ರೌಢಶಾಲೆಗೆ ಹೋದಾಗ ಅಲ್ಲಿ ಮತ್ತೆ ಮೊದಲಿನಿಂದ ಶುರು. ಬೇರೆ ಬೇರೆ ಶಾಲೆಯಿಂದ ಬಂದವರು, ಒಬ್ಬರಿಗೆ ಬಂದದ್ದು ಇನ್ನೊಬ್ಬರಿಗೆ ಬಾರದು ಅಂತ. ಮತ್ತೆ ಬಣ್ಣಗಳ ಹೆಸರು, ಮತ್ತೆ ಒಂದರಿಂದ ಇಪ್ಪತ್ತು. "ರೂಜ್ ಅಂದರೆ ಕೆಂಪು ಅಂತ ಎಷ್ಟು ಸಲ ಕಲಿಯಲಿ?" ಅಂತ ಕೇಳಿದ, ನನ್ನ ಹತ್ತಿರ ಉತ್ತರ ಇರಲಿಲ್ಲ. 14 ವರ್ಷ ದಾಟಿದ ಮೇಲೆ ಬಿಟ್ಟುಬಿಟ್ಟ. 2004ರಿಂದ ಆ ವಯಸ್ಸಿಗೆ ಕಡ್ಡಾಯ ಇಲ್ಲ.

ಬಾರ್ಸಿಲೋನಾದಲ್ಲಿ ಕಾರ್ಮೆನ್ ಮುನ್ಯೋಸ್ ಮತ್ತು ಅವರ ತಂಡ ಶಾಲೆಗಳಲ್ಲಿ ಇದನ್ನೇ ಪರೀಕ್ಷಿಸಿ ನೋಡಿದೆ. 8ನೇ ವಯಸ್ಸಿಗೆ ಇಂಗ್ಲಿಷ್ ಶುರು ಮಾಡಿದವರು, 11ಕ್ಕೆ ಶುರು ಮಾಡಿದವರು, ಇಬ್ಬರಿಗೂ ಅಷ್ಟೇ ಗಂಟೆ ಪಾಠ ಆದಾಗ ಹೋಲಿಸಿದರೆ ಮುಂದೆ ಇದ್ದದ್ದು ದೊಡ್ಡ ಮಕ್ಕಳೇ. ಹೊಸ ದೇಶಕ್ಕೆ ಹೋಗಿ ಇಡೀ ದಿನ ಆ ಭಾಷೆಯಲ್ಲೇ ಇರುವ ಚಿಕ್ಕ ಮಗುವಿನ ಕಥೆ ಬೇರೆ. ಹಾಗಾಗಿ ತಡ ಆಯಿತು ಅನ್ನುವ ಚಿಂತೆ ಬಿಡಿ. ವಾರಕ್ಕೆ ಎಷ್ಟು ಪಿರಿಯಡ್, ಮುಂದಿನ ವರ್ಷ ಎಲ್ಲಿಂದ ಮುಂದುವರಿಸುತ್ತಾರೆ, ಇವೆರಡನ್ನು ಶಾಲೆಯಲ್ಲಿ ಕೇಳಿ.

ಬೆಳ್ಳಿಮೋಡ:

ಫಿನ್ಲೆಂಡಿನಿಂದ ಒಂದು ಮಾತು. ಇಲ್ಲಿ ಫಿನ್ನಿಷ್ ಮಾತಾಡುವ ಮಕ್ಕಳಿಗೆ ಸ್ವೀಡಿಷ್ ಕಡ್ಡಾಯ. ಇಂಗ್ಲಿಷ್ ಅಂತೂ ಹೆಚ್ಚುಕಡಿಮೆ ಎಲ್ಲರೂ ತಾವೇ ಆರಿಸಿಕೊಳ್ಳುತ್ತಾರೆ. ಅದೇ ಶಾಲೆ, ಚೆನ್ನಾಗಿ ತರಬೇತಿ ಪಡೆದ ಶಿಕ್ಷಕರು. ಇಂಗ್ಲಿಷ್ ನೀರು ಕುಡಿದಷ್ಟು ಸಲೀಸು, ಸ್ವೀಡಿಷ್ ಮಾತ್ರ ಎಷ್ಟೋ ಜನರಿಗೆ ಪರೀಕ್ಷೆ ಮುಗಿದ ಮೇಲೆ ಮರೆತೇ ಹೋಗುತ್ತದೆ. ಅದಕ್ಕೆ "ಪಕ್ಕೊರುವೊತ್ಸಿ" ಅಂತ ಹೆಸರೇ ಇದೆ, ಬಲವಂತದ ಸ್ವೀಡಿಷ್ ಅಂತ ಅರ್ಥ. ಪುಟ್ಟ ಮಕ್ಕಳ ಕಾರ್ಯಕ್ರಮ ಬಿಟ್ಟರೆ ಟಿವಿಯಲ್ಲಿ ಹೊರಗಿನ ಕಾರ್ಯಕ್ರಮಕ್ಕೆ ಸಾಮಾನ್ಯವಾಗಿ ಡಬ್ಬಿಂಗ್ ಇಲ್ಲ, ಸಬ್‌ಟೈಟಲ್ ಅಷ್ಟೇ, ಗೇಮ್ಸ್ ಇಂಗ್ಲಿಷ್‌ನಲ್ಲಿ, ಹಾಡು ಇಂಗ್ಲಿಷ್‌ನಲ್ಲಿ. ಕಲಿತದ್ದನ್ನು ಸಂಜೆಗೇ ಬಳಸಬಹುದು. ಸ್ವೀಡಿಷ್ ಜೊತೆ ಸಂಜೆ ಏನು ಮಾಡುವುದು ಅಂತ ಮಕ್ಕಳಿಗೆ ಗೊತ್ತಿಲ್ಲ.

ಮೊದಲ ಬೆಂಚು:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಬೆಳ್ಳಿಮೋಡ ಅವರು ಕೇಳಿದ ಹಾಗೇ ಮಗಳನ್ನು ಕೇಳಿದೆ, ಯಾವ ಭಾಷೆ ಕಲಿತರೆ ಸಂಜೆ ಅದರಲ್ಲಿ ಏನಾದರೂ ಮಾಡುತ್ತೀಯಾ ಅಂತ. ಎದ್ದು ಹೋಗಿ ಒಂದು ನೋಟ್‌ಬುಕ್ ತಂದಳು. ಕೊನೆಯ ಪುಟಗಳ ತುಂಬಾ ಜಪಾನೀಸ್‌ನ ಹಿರಾಗಾನಾ ಅಕ್ಷರಗಳು, ಕಾಮಿಕ್ಸ್ ನೋಡಿ ತಾನೇ ತಿದ್ದಿದ್ದಾಳೆ. ನನಗೆ ಗೊತ್ತೇ ಇರಲಿಲ್ಲ. ನಾನು ಸಹಾಯ ಮಾಡಬಹುದು ಅಂತ ಫ್ರೆಂಚ್ ಕಡೆಗೇ ಎಳೆಯುತ್ತಿದ್ದೆ. 2200 ನೋಡಿ ಎದೆ ಧಸಕ್ ಅಂದದ್ದು ನಿಜ, ಆದರೂ ಜಪಾನೀಸ್‌ಗೇ ಸಹಿ ಹಾಕಿದೆ. ವಾರಕ್ಕೆ 3 ಪಿರಿಯಡ್ ಅಂತೆ, ಮೌಖಿಕ ಪರೀಕ್ಷೆಯೂ ಇದೆಯಂತೆ.

ಸೀಮೆಸುಣ್ಣ ಅವರೇ, ಮನೆಯಲ್ಲಿ ಅವಳ ಜೊತೆ ಮಾತಾಡಲು ಯಾರೂ ಇಲ್ಲ. ಏನು ಮಾಡಲಿ?

ಸೀಮೆಸುಣ್ಣ:

ನೀವೇ ಇದ್ದೀರಲ್ಲ. ಅವಳು ಅವತ್ತು ಕಲಿತದ್ದನ್ನು ರಾತ್ರಿ ನಿಮಗೆ ಕಲಿಸಲಿ, ದಿನಕ್ಕೆ ಎರಡು ವಾಕ್ಯ ಸಾಕು. ತಪ್ಪಾದರೂ ಇಬ್ಬರೂ ಬಾಯಿ ಬಿಟ್ಟು ಹೇಳಿ. ಅನುಮಾನ ಬಂದದ್ದನ್ನು ಇಲ್ಲೇ ಬರೆಯಿರಿ, ನಾನು ನೋಡುತ್ತಿರುತ್ತೇನೆ.