ಪ್ರಶ್ನೋತ್ತರ: 12 ವರ್ಷ ಹಳೆಯ ಮ್ಯಾಚ್ ಏರ್ ರೈಫಲ್, ಕೊಳ್ಳೋದೋ ಬಿಡೋದೋ?

ಪ್ರಶ್ನೆ

ನಮಸ್ಕಾರ. ಮಗಳಿಗೆ 15 ವರ್ಷ. 10 ಮೀಟರ್ ಏರ್ ರೈಫಲ್ ಅಭ್ಯಾಸ ಮಾಡುತ್ತಿದ್ದಾಳೆ, ಇದುವರೆಗೆ ಕ್ಲಬ್‌ನ ರೈಫಲ್ಲೇ. ಈಗ ಒಂದು ಸೆಕೆಂಡ್ ಹ್ಯಾಂಡ್ ಮ್ಯಾಚ್ ರೈಫಲ್ ಮಾರಾಟಕ್ಕಿದೆ. ಸಿಲಿಂಡರ್‌ಗೆ ಗಾಳಿ ತುಂಬಿಸುವ ಬಗೆಯದು, ಅಲ್ಯೂಮಿನಿಯಂ ಸ್ಟಾಕ್, 12 ವರ್ಷ ಹಳೆಯದು. ಎರಡು ಸಿಲಿಂಡರ್ ಕೊಡುತ್ತಾರಂತೆ. "ಬರೀ 40 ಸಾವಿರ ಪೆಲೆಟ್ ಹೊಡೆದಿದೆ, ಬ್ಯಾರಲ್ ಹೊಸದರ ಹಾಗಿದೆ" ಅನ್ನುತ್ತಾರೆ. ನೋಡಲು ಹೋದಾಗ ಏನೇನು ಪರೀಕ್ಷೆ ಮಾಡಬೇಕು?

ಉತ್ತರ: ಆರ್ಮರರ್ (ಬಂದೂಕು ದುರಸ್ತಿಗಾರ)

ಮೇಡಂ, ಪೆಲೆಟ್ ಲೆಕ್ಕ ಬದಿಗಿಡಿ. ಏರ್ ರೈಫಲ್‌ನಲ್ಲಿ ಮದ್ದಿನ ಬೆಂಕಿಯಿಲ್ಲ, ಬ್ಯಾರಲ್‌ನಲ್ಲಿ ಓಡುವುದು ಮೆತ್ತನೆಯ ಸೀಸ, ವೇಗ ಸೆಕೆಂಡಿಗೆ 170 ಮೀಟರ್ ಆಸುಪಾಸು. 40 ಸಾವಿರಕ್ಕೆ ಬ್ಯಾರಲ್ ಸವೆಯುವುದಿಲ್ಲ, ಅದರ ಎರಡರಷ್ಟಾದರೂ ಸವೆಯುವುದಿಲ್ಲ. ಅದು ಕೆಡುವುದು ಉಕ್ಕಿನ ಕಡ್ಡಿ ತೂರಿಸಿ ಉಜ್ಜುವವರಿಂದ, ಇಲ್ಲವೇ ಮೂತಿ ನೆಲಕ್ಕೆ ತಗುಲಿ. ಸಿಲಿಂಡರ್ ಬಿಚ್ಚಿ, ಬ್ರೀಚ್ (ಪೆಲೆಟ್ ಹಾಕುವ ಜಾಗ) ತೆರೆದು, ಒಳಗೆ ಪೆಲೆಟ್ ಇಲ್ಲವೆಂದು ಖಾತ್ರಿ ಮಾಡಿಕೊಂಡ ಮೇಲೆ ಮೂತಿಯ ಅಂಚನ್ನು ಟಾರ್ಚ್ ಹಾಕಿ ನೋಡಿ. ಒಂದು ಸಣ್ಣ ಕಚ್ಚು ಕಂಡರೂ ಗ್ರೂಪ್ (ಒಂದೇ ಗುರಿಗೆ ಸತತವಾಗಿ ಹೊಡೆದ ತೂತುಗಳ ಗುಂಪು) ಹೊಡೆದು ನೋಡದೆ ಮುಂಗಡ ಕೊಡಬೇಡಿ.

ನೀವು ಮೊದಲು ನೋಡಬೇಕಾದ್ದು ಸಿಲಿಂಡರ್. ಅದರ ಮೈಮೇಲೆ ತಿಂಗಳು, ವರ್ಷ ಕೊರೆದಿರುತ್ತದೆ. ಹೆಚ್ಚಿನ ತಯಾರಕರು ಏರ್ ರೈಫಲ್ ಸಿಲಿಂಡರ್‌ಗೆ 10 ವರ್ಷದ ಆಯುಸ್ಸು ಹಾಕಿದ್ದಾರೆ. ಅವಧಿ ಮುಗಿದದ್ದನ್ನು ಬದಲಿಸುವ ಹೊಣೆ ಶೂಟರ್‌ನದೇ ಎಂದು ಐಎಸ್‌ಎಸ್‌ಎಫ್ (ಅಂತರರಾಷ್ಟ್ರೀಯ ಶೂಟಿಂಗ್ ಕ್ರೀಡಾ ಒಕ್ಕೂಟ) ನಿಯಮ ಹೇಳುತ್ತದೆ. ಒಳಗಿನ ಗಾಳಿಯ ಒತ್ತಡ 200 ಬಾರ್, ಅಂದರೆ ವಾತಾವರಣದ ಸುಮಾರು 200 ಪಟ್ಟು, ಹುಡುಗಾಟವಲ್ಲ. ಕೆನ್ನೆಯಿಂದ ಎರಡು ಗೇಣು ದೂರದಲ್ಲಿರುತ್ತದೆ ಅದು. ರೈಫಲ್‌ಗೆ 12 ವರ್ಷವಾಗಿದ್ದರೆ, ಜೊತೆಗೆ ಬಂದ ಮೂಲ ಸಿಲಿಂಡರ್ ಲೆಕ್ಕಕ್ಕಿಲ್ಲ. ಎರಡನೆಯದರ ತಾರೀಕು ಯಾವುದು? ಅದರಲ್ಲಿ ಉಳಿದಿರುವ ವರ್ಷಗಳಷ್ಟೇ ನೀವು ಕೊಳ್ಳುತ್ತಿರುವುದು. ಆ ಮಾದರಿಗೆ ಹೊಸ ಸಿಲಿಂಡರ್ ಈಗಲೂ ಸಿಗುತ್ತದೆಯೇ, ಎಷ್ಟಾಗುತ್ತದೆ ಎಂದು ಇವತ್ತೇ ವಿಚಾರಿಸಿ. ಓ-ರಿಂಗ್ (ಗಾಳಿ ಸೋರದಂತೆ ತಡೆಯುವ ರಬ್ಬರ್ ಬಳೆ) ಎಲ್ಲಿಯಾದರೂ ಸಿಗುತ್ತದೆ, ಆದರೆ ಸಿಲಿಂಡರ್‌ನ ಥ್ರೆಡ್ ಮತ್ತು ವಾಲ್ವ್ ಒಂದೊಂದು ಕಂಪನಿಗೆ ಒಂದೊಂದು ಬಗೆ. ಸಿಲಿಂಡರ್ ಸಿಗದ ಮಾದರಿಯಾದರೆ ಉಳಿದ ಯಾವ ಪರೀಕ್ಷೆಯೂ ಬೇಡ, ನಮಸ್ಕಾರ ಹೇಳಿ ವಾಪಸ್ ಬನ್ನಿ.

ಪ್ರಶ್ನೆ

ಎರಡನೆಯದರ ಮೇಲೆ ಆರು ವರ್ಷದ ಹಿಂದಿನ ತಾರೀಕು ಇದೆ ಸರ್. ಹೊಸದು ಸಿಗುತ್ತದಂತೆ. ಗಾಳಿ ಸೋರುತ್ತದೆಯೇ ಎಂದು ಹೇಗೆ ತಿಳಿಯುವುದು?

ಉತ್ತರ: ಆರ್ಮರರ್

200 ಬಾರ್ ತುಂಬಿಸಿ ಒಂದು ಗಂಟೆ ಬಿಡಿ. ತುಂಬುವಾಗ ಸಿಲಿಂಡರ್ ಬಿಸಿಯಾಗಿ, ಆರಿದ ಮೇಲೆ ಮುಳ್ಳು ತಾನಾಗಿ ಇಳಿಯುತ್ತದೆ. ಅದು ಸೋರಿಕೆಯಲ್ಲ. ಆಮೇಲೆ ಗೇಜಿನ ಫೋಟೋ ತೆಗೆದು, 24 ಗಂಟೆ ಬಿಟ್ಟು, ಅದೇ ಹೊತ್ತಿಗೆ ಮತ್ತೆ ಫೋಟೋ ತೆಗೆಯಿರಿ. ಅದೇ ಹೊತ್ತಿಗೆ ಅಂದದ್ದಕ್ಕೆ ಕಾರಣವಿದೆ: 30 ಡಿಗ್ರಿಯಲ್ಲಿ 200 ಇದ್ದದ್ದು 20 ಡಿಗ್ರಿಗೆ ಸುಮಾರು 193 ಆಗುತ್ತದೆ. ಮಧ್ಯಾಹ್ನ ತುಂಬಿ ಮುಂಜಾನೆ ನೋಡಿದರೆ ಒಳ್ಳೆಯ ಸಿಲಿಂಡರನ್ನೂ ಅನುಮಾನಿಸುತ್ತೀರಿ.

ಇಳಿದದ್ದು ನಿಜವಾದರೆ, ಸಿಲಿಂಡರ್ ಬಿಚ್ಚಿ ಬೇರೆಯಾಗಿ ಒಂದು ದಿನ ಇಡಿ. ಬೇರೆ ಇಟ್ಟಾಗ ನಿಂತರೆ ಸೋರಿಕೆ ರೈಫಲ್ ಒಳಗೆ. ಆಗಲೂ ಇಳಿದರೆ ಸಿಲಿಂಡರ್‌ನ ವಾಲ್ವ್, ಇಲ್ಲವೇ ಗೇಜ್ ಕೂರುವ ಜಾಗ. ವಾಲ್ವ್ ಬಾಯಿಗೆ ಒಂದು ಹನಿ ಸೋಪಿನ ನೀರು ಬಿಟ್ಟರೆ ಗುಳ್ಳೆ ಹೇಳುತ್ತದೆ. ಎರಡೂ ಸಾಮಾನ್ಯವಾಗಿ ಸೀಲ್ ಬದಲಿಸಿದರೆ ಸರಿಹೋಗುವಂಥವು. ಸೋರಿಕೆಗೆ ಹೆದರಬೇಡಿ, ಚೌಕಾಸಿಗೆ ಬಳಸಿ.

ಹೆದರಬೇಕಾದ್ದು ಸೋರಿಕೆ ನಿಲ್ಲಿಸಲು ಯಾರೋ ಎಣ್ಣೆ ಹಾಕಿದ್ದರೆ. ಅಧಿಕ ಒತ್ತಡದ ಗಾಳಿಗೆ ಸಾಮಾನ್ಯ ಮೆಷಿನ್ ಎಣ್ಣೆ ಸೇರಬಾರದು, ಹೊತ್ತಿಕೊಳ್ಳುವ ಅಪಾಯವಿದೆ. ಸೀಲ್‌ಗೆ ತಯಾರಕರು ಹೇಳಿದ ಗ್ರೀಸ್, ಬಹುಪಾಲು ಸಿಲಿಕಾನ್, ಅದೂ ಬೆರಳಿಗೆ ಅಂಟಿದಷ್ಟು. ತುಂಬುವ ಬಾಯಲ್ಲಿ ಎಣ್ಣೆಯ ಪಸೆ ಕಂಡರೆ "ಯಾವ ಎಣ್ಣೆ, ಯಾರು ಹಾಕಿದ್ದು" ಎಂದು ಕೇಳಿ.

ಪ್ರಶ್ನೆ: ಇನ್ನೊಬ್ಬ ಸದಸ್ಯರು

ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ಮಾರುವವರು ಹೊಡೆದು ತೋರಿಸಿದ ಗ್ರೂಪ್ ಚೆನ್ನಾಗಿದ್ದರೆ ಸಾಕಲ್ಲವೇ? ಕ್ರೋನೋಗ್ರಾಫ್ (ಪೆಲೆಟ್‌ನ ವೇಗ ಅಳೆಯುವ ಸಾಧನ) ಇಟ್ಟೂ ನೋಡಬೇಕು ಅನ್ನುತ್ತಾರೆ, ಅದೆಲ್ಲ ಯಾಕೆ?

ಉತ್ತರ: ಆರ್ಮರರ್

ಸಾಲದು ಸರ್. ಒಂದೇ ಲಯದಲ್ಲಿ ಹತ್ತು ಹೊಡೆದರೆ ಕೆಟ್ಟ ರೆಗ್ಯುಲೇಟರ್ ಕೂಡ ಒಳ್ಳೆಯ ಗ್ರೂಪ್ ಕೊಡುತ್ತದೆ. ರೆಗ್ಯುಲೇಟರ್‌ನ ಕೆಲಸ ಸಿಲಿಂಡರ್‌ನ 200 ಬಾರನ್ನು ಕಡಿಮೆ ಮಾಡಿ, ಪ್ರತಿ ಹೊಡೆತಕ್ಕೂ ಒಂದೇ ಒತ್ತಡ ಕೊಡುವುದು. ಅದರ ಸೀಟ್ ಸವೆದರೆ, ಅಥವಾ ಒಂದು ಕಣ ಕಸ ಕೂತರೆ, ಸುಮ್ಮನಿದ್ದಾಗ ಒತ್ತಡ ಮೆಲ್ಲಗೆ ಏರುತ್ತ ಹೋಗುತ್ತದೆ. ವಿರಾಮದ ನಂತರದ ಮೊದಲ ಹೊಡೆತ ಮೇಲಕ್ಕೆ ಹಾರುತ್ತದೆ. ಹೊಡೆದವರು ತಮ್ಮ ಉಸಿರನ್ನು ಬೈದುಕೊಳ್ಳುತ್ತಾರೆ!

ಆದ್ದರಿಂದ ಹೀಗೆ ಮಾಡಿ. ಒಂದೇ ಡಬ್ಬಿಯ ಪೆಲೆಟ್, ಕ್ರೋನೋಗ್ರಾಫ್ ಮೇಲೆ 10 ಹೊಡೆತ, ಅರ್ಧ ನಿಮಿಷಕ್ಕೊಂದು. ಅತಿ ಹೆಚ್ಚು ಮತ್ತು ಅತಿ ಕಡಿಮೆಯ ಅಂತರ ಸೆಕೆಂಡಿಗೆ 3–4 ಮೀಟರ್ ಒಳಗಿರಬೇಕು. ಆಮೇಲೆ 10 ನಿಮಿಷ ಮುಟ್ಟದೆ ಇಟ್ಟು ಮತ್ತೆ ಮೂರು. ಸಿಲಿಂಡರ್ ತುಂಬಿದ್ದಾಗ ಒಮ್ಮೆ, 100 ಬಾರ್‌ಗೆ ಇಳಿದಾಗ ಒಮ್ಮೆ. ಎರಡರ ಸರಾಸರಿ ಹೆಚ್ಚುಕಡಿಮೆ ಒಂದೇ ಇರಬೇಕು.

ಗ್ರೂಪ್ ಬೇಡವೆಂದಲ್ಲ. ರೈಫಲನ್ನು ಕ್ಲ್ಯಾಂಪ್‌ಗೆ ಬಿಗಿದು, ಇಲ್ಲವೇ ಮೇಜಿನ ಮೇಲೆ ಭದ್ರ ಆಸರೆ ಕೊಟ್ಟು, 4.49, 4.50 ಮಿ.ಮೀ. ಎರಡೂ ಅಳತೆಯ ಪೆಲೆಟ್‌ನಲ್ಲಿ ಹತ್ತು ಹತ್ತು ಹೊಡೆಯಿರಿ. ಫೆಲ್ಟ್ ಪೆಲೆಟ್‌ನಲ್ಲಿ (ಒರೆಸಲೆಂದೇ ಇರುವ ಉಣ್ಣೆ ಬಟ್ಟೆಯ ತುಂಡು) ಬ್ಯಾರಲ್ ಒರೆಸಿದ್ದರೆ ಮೊದಲ ಹದಿನೈದು ಇಪ್ಪತ್ತು ಹೊಡೆತ ಲೆಕ್ಕಕ್ಕೆ ಬೇಡ. ಕ್ಲ್ಯಾಂಪ್‌ನಲ್ಲಿ ಹತ್ತೂ ಸೇರಿ ಹೊರ ಅಂಚಿನಿಂದ ಹೊರ ಅಂಚಿಗೆ 7 ಮಿ.ಮೀ. ಒಳಗೆ ಬಂದರೆ ಬ್ಯಾರಲ್ ಬಗ್ಗೆ ಮಾತೇ ಬೇಡ. ಒಂದು ಪೆಲೆಟ್‌ನಲ್ಲಿ ಚೆನ್ನಾಗಿ ಬಂದು ಇನ್ನೊಂದರಲ್ಲಿ ಚದುರಿದರೆ ತಪ್ಪು ಬ್ಯಾರಲ್‌ನದಲ್ಲ. ಎರಡರಲ್ಲೂ ಚದುರಿದರೆ ಮೊದಲು ಬ್ಯಾರಲ್ ಮತ್ತು ಸ್ಟಾಕ್ ಸ್ಕ್ರೂಗಳನ್ನು ನೋಡಿ, ಆಮೇಲೆ ಮೂತಿಯನ್ನು.

ಹಿಂದಿನ ಪೀಪ್ ಸೈಟ್ (ಕಣ್ಣಿಟ್ಟು ಗುರಿ ನೋಡುವ ತೂತು) ಕೂಡ ಸವೆಯುತ್ತದೆ. ಐದು ಹೊಡೆದು, 20 ಕ್ಲಿಕ್ ಮೇಲೆ, 20 ಬಲಕ್ಕೆ, 20 ಕೆಳಗೆ, 20 ಎಡಕ್ಕೆ ತಿರುಗಿಸಿ ಮತ್ತೆ ಐದು. ಎರಡೂ ಗ್ರೂಪ್ ಒಂದರ ಮೇಲೊಂದು ಕೂರಬೇಕು. ಕೂರದಿದ್ದರೆ ಸೈಟ್‌ನ ತಿರುಪಿನಲ್ಲಿ ಸಡಿಲವಿದೆ.

ಟ್ರಿಗರ್‌ಗೆ ಏರ್ ರೈಫಲ್‌ನಲ್ಲಿ ಕನಿಷ್ಠ ತೂಕದ ನಿಯಮವಿಲ್ಲ, ಹಾಗಾಗಿ ಕೆಲವರು ಉಸಿರು ತಾಕಿದರೆ ಬಿಡುಗಡೆಯಾಗುವಷ್ಟು ಹಗುರ ಮಾಡಿರುತ್ತಾರೆ. ಪೆಲೆಟ್ ಇಲ್ಲದೆ ಕಾಕ್ ಮಾಡಿ, ಮೂತಿಯನ್ನು ಗುರಿಯ ಕಡೆಗೇ ಇಟ್ಟು, ಬಟ್‌ಗೆ ಅಂಗೈಯಿಂದ ನಾಲ್ಕೈದು ಸಲ ತಟ್ಟಿ. ತಾನಾಗಿ ಬಿಟ್ಟರೆ ಹೊಂದಾಣಿಕೆ ತಪ್ಪಿದೆ. ಸರಿಮಾಡಿಸಿದ ಮೇಲೂ ಹಾಗೇ ಆದರೆ ಟ್ರಿಗರ್ ಒಳಗಿನ ಕೊಕ್ಕೆಯ ಅಂಚು ಸವೆದಿದೆ.

ಉತ್ತರ: ತರಬೇತುದಾರರು

ಯಂತ್ರದ ಮಾತು ಆಯಿತು, ಹುಡುಗಿಯ ಮಾತು ಯಾರೂ ಆಡಲಿಲ್ಲ. ಮಗಳನ್ನು ಬಿಟ್ಟು ನೀವೊಬ್ಬರೇ ನೋಡಲು ಹೋಗಬೇಡಿ ಮೇಡಂ. ಅವಳ ಶೂಟಿಂಗ್ ಜಾಕೆಟ್ ಹಾಕಿಸಿ ಹಿಡಿಸಿ ನೋಡಿ, ಬರೀ ಟಿ-ಶರ್ಟ್‌ನಲ್ಲಿ ನೋಡಿದ ಅಳತೆ ಸುಳ್ಳು.

ಬಟ್ ಪ್ಲೇಟನ್ನು ಪೂರ್ತಿ ಒಳಗೆ ತಳ್ಳಿ ಶುರು ಮಾಡಿ. ಅಷ್ಟಾದರೂ ಉದ್ದವಾಯಿತು ಅಂದರೆ ಆ ರೈಫಲ್ ಅವಳಿಗಲ್ಲ. ಗ್ರಿಪ್ ಹಿಡಿದಾಗ ತೋರುಬೆರಳಿನ ತುದಿಯ ಮೆತ್ತನೆ ಭಾಗ ಟ್ರಿಗರ್ ಮೇಲೆ ನೇರವಾಗಿ ಕೂರಬೇಕು. ಗ್ರಿಪ್ ದೊಡ್ಡದಾದರೆ ಕೈ ತಿರುಚಿ ಹಿಡಿಯುತ್ತಾಳೆ, ಹೊಡೆತ ಪಕ್ಕಕ್ಕೆ ಹೋಗುತ್ತದೆ. ಗ್ರಿಪ್ ಒಂದನ್ನೇ ಚಿಕ್ಕ ಅಳತೆಗೆ ಬದಲಿಸಬಹುದು, ಇದೊಂದು ಕಾರಣಕ್ಕೆ ಬಿಡಬೇಡಿ. ಕೆನ್ನೆ ಚೀಕ್ ಪೀಸ್ ಮೇಲೆ ಇಟ್ಟ ಕೂಡಲೇ, ಕತ್ತು ಕೊಂಕಿಸದೆ, ಹಿಂದಿನ ತೂತಿನ ನಡುವೆ ಮುಂದಿನ ಉಂಗುರ ಕಾಣಬೇಕು. ನಿಂತು ಗುರಿ ಹಿಡಿದು ಕಣ್ಣು ಮುಚ್ಚಿ ಎರಡು ಉಸಿರು ಬಿಟ್ಟು ತೆರೆಯಲಿ. ಗುರಿ ಎತ್ತಲೋ ಸರಿದಿದ್ದರೆ ಹೊಂದಿಸಿ ಮತ್ತೆ ನೋಡಿ.

ತೂಕ ಮರೆಯಬೇಡಿ. ನಿಯಮದಲ್ಲಿ 5.5 ಕಿಲೋ ಅಂತಿರುವುದು ಗರಿಷ್ಠ ಮಿತಿ, ಅಷ್ಟು ಇರಲೇಬೇಕೆಂದಲ್ಲ. ಹೆಚ್ಚುವರಿ ತೂಕದ ತುಂಡುಗಳನ್ನೆಲ್ಲ ಬಿಚ್ಚಿ ತೂಗಿ. ಹುಡುಗಿ ಅದನ್ನು 75 ನಿಮಿಷದಲ್ಲಿ 60 ಸಲ ಎತ್ತಬೇಕು, ಅಭ್ಯಾಸದ ಹೊಡೆತಗಳು ಬೇರೆ. ಹೊಂದಿಸುವ ಸ್ಕ್ರೂ ಒಂದೊಂದನ್ನೂ ತಿರುಗಿಸಿ ನೋಡಿ. ಅಲ್ಯೂಮಿನಿಯಂ ಸ್ಟಾಕ್‌ನಲ್ಲಿ ಬೆವರು ಕುಡಿದು ಕಚ್ಚಿಕೊಂಡ ಸ್ಕ್ರೂ, ಅಲೆನ್ ಕೀ ತಿರುಗದಂತೆ ಉರುಟಾದ ತಲೆ, ಇವು ಆಮೇಲೆ ಕಾಡುತ್ತವೆ.

ಪ್ರಶ್ನೆ

ಎಲ್ಲ ಮಾಡಿದೆವು. ಮಗಳಿಗೆ ಅಳತೆ ಸರಿಹೋಯಿತು, ಗ್ರಿಪ್ ಮಾತ್ರ ಸ್ವಲ್ಪ ದೊಡ್ಡದು. ತೂಕ ತುಂಡುಗಳಿಲ್ಲದೆ 4.3 ಕಿಲೋ. ಸೋರಿಕೆ ಇಲ್ಲ. ಗ್ರೂಪ್ 6.8 ಮಿ.ಮೀ. ವೇಗ ಹೀಗಿದೆ: 170, 171, 170, 172, 171, 171, 170, 171, 172, 171. ಹತ್ತು ನಿಮಿಷ ಬಿಟ್ಟು: 177, 173, 171. 100 ಬಾರ್‌ನಲ್ಲೂ ಹೀಗೇ. ಮಾರುವವರು "ಮೊದಲ ಹೊಡೆತ ಎಲ್ಲ ರೈಫಲ್‌ನಲ್ಲೂ ಹಾಗೇ" ಅನ್ನುತ್ತಾರೆ.

ಉತ್ತರ: ಆರ್ಮರರ್

ಎಲ್ಲ ರೈಫಲ್‌ನಲ್ಲೂ ಹಾಗಲ್ಲ. ಸತತ ಹೊಡೆತದಲ್ಲಿ ಅಂತರ ಬರೀ 2, ಅಂದರೆ ವಾಲ್ವ್, ಸುತ್ತಿಗೆ, ಸ್ಪ್ರಿಂಗ್ ಎಲ್ಲ ಚೆನ್ನಾಗಿವೆ. ವಿರಾಮದ ಮೇಲೆ 6 ಮೀಟರ್ ಹೆಚ್ಚು, ಮೂರನೆಯದಕ್ಕೆ ಸರಿ. ಇದು ಮೇಲೆ ಹೇಳಿದ ರೆಗ್ಯುಲೇಟರ್ ಕಾಯಿಲೆ, ಪಾಠಪುಸ್ತಕದ ಉದಾಹರಣೆ.

ಇದರ ಬೆಲೆ ಗುರಿಯ ಮೇಲೆ ಎಷ್ಟು ಗೊತ್ತೇ? 10 ಮೀಟರ್ ದಾಟುವಷ್ಟರಲ್ಲಿ ಪೆಲೆಟ್ ಸುಮಾರು 17 ಮಿ.ಮೀ. ಕೆಳಗೆ ಬೀಳುತ್ತದೆ. ವೇಗ 6 ಮೀಟರ್ ಹೆಚ್ಚಿದರೆ ಬೀಳುವುದು 1.2 ಮಿ.ಮೀ.ನಷ್ಟು ಕಡಿಮೆ. ಗುರಿಯಲ್ಲಿ ನಡುವಿನಿಂದ 0.25 ಮಿ.ಮೀ. ಸರಿದಂತೆಲ್ಲ ಒಂದು ದಶಾಂಶ (0.1 ಅಂಕ) ಹೋಗುತ್ತದೆ. ಹಾಗಾಗಿ 10.9 ಆಗಬೇಕಿದ್ದದ್ದು 10.5. ಸೈಟಿಂಗ್ (ಮ್ಯಾಚ್‌ಗೆ ಮೊದಲಿನ ಅಭ್ಯಾಸದ ಹೊಡೆತ) ಮುಗಿಸಿ ಮ್ಯಾಚ್ ಶುರುವಾಗಲು ಕಾಯುತ್ತಾಳಲ್ಲ, ಆಮೇಲಿನ ಮೊದಲ ಹೊಡೆತಕ್ಕೆ ಇದು ತಪ್ಪದೆ ಬರುತ್ತದೆ.

ದುರಸ್ತಿ ದೊಡ್ಡದಲ್ಲ. ರೆಗ್ಯುಲೇಟರ್ ಬಿಚ್ಚಿ ಶುಚಿಮಾಡಿ ಸೀಟ್, ಓ-ರಿಂಗ್ ಬದಲಿಸುವುದು, ವೇಗ ಮತ್ತೆ ಹೊಂದಿಸುವುದು. ನೀವೇ ಕೈ ಹಾಕಬೇಡಿ, ಒಳಗೆ ಒತ್ತಡ ಉಳಿದಿರುತ್ತದೆ. ನನ್ನ ಅಭಿಪ್ರಾಯ: ಕೊಳ್ಳಿ, ಆದರೆ ಕೇಳಿದ ಬೆಲೆಗಲ್ಲ. ಒಂದು ಹೊಸ ಸಿಲಿಂಡರ್, ರೆಗ್ಯುಲೇಟರ್ ಸರ್ವಿಸ್, ಒಂದು ಚಿಕ್ಕ ಗ್ರಿಪ್, ಈ ಮೂರರ ಮೊತ್ತ ಕಳೆದು ಹೇಳಿ. ಅವಧಿ ಮೀರಿದ ಸಿಲಿಂಡರನ್ನು "ಉಚಿತವಾಗಿ ಕೊಡುತ್ತೇನೆ" ಅಂದರೆ ಸೊನ್ನೆ ಎಂದೇ ಹಿಡಿಯಿರಿ. ಕ್ರೋನೋಗ್ರಾಫ್ ಅಂಕಿ ಬರೆದ ಚೀಟಿ ಮುಂದಿಟ್ಟೇ ಮಾತಾಡಿ.

ಒಪ್ಪಿಗೆಯಾದರೆ ರೈಫಲ್ ಸಂಖ್ಯೆ ಕಾಗದದ ಜೊತೆ ತಾಳೆಯಾಗುತ್ತದೆಯೇ ನೋಡಿ. ನಿಮ್ಮಲ್ಲಿ ವರ್ಗಾವಣೆಗೆ ಕಾನೂನಿನ ವಿಧಿ ಇದ್ದರೆ ಅದು ಮುಗಿದ ಮೇಲೆಯೇ ಹಣ. ಫ್ರಂಟ್ ಸೈಟ್‌ನ ಉಂಗುರಗಳ ಡಬ್ಬಿ, ಸೈಟ್ ಎತ್ತರಿಸುವ ತುಂಡುಗಳು, ಬಿಚ್ಚಿಟ್ಟ ತೂಕಗಳು, ಅಲೆನ್ ಕೀಗಳು, ಗಾಳಿ ತುಂಬುವ ಅಡಾಪ್ಟರ್, ಎಲ್ಲ ಎಣಿಸಿ ತೆಗೆದುಕೊಳ್ಳಿ. ಅಡಾಪ್ಟರ್ ಮರೆತರೆ ಬೇರೆ ಕಂಪನಿಯದು ಕೂರುವುದಿಲ್ಲ. ಇನ್ನೊಂದು: ಕ್ಲಬ್‌ನ ದೊಡ್ಡ ಬಾಟಲಿ 300 ಬಾರ್‌ನದಾದರೆ ಕವಾಟವನ್ನು ಕೂದಲೆಳೆಯಷ್ಟೇ ತೆರೆದು, ಗೇಜ್ ಮೇಲೆ ಕಣ್ಣಿಟ್ಟು, 200ಕ್ಕೆ ನಿಲ್ಲಿಸಬೇಕು. ಆ ಕೆಲಸ ಮೊದಲ ತಿಂಗಳು ಮಗಳ ಕೈಗೆ ಬೇಡ.