ಊರಿನ ಗುಂಪಿನಲ್ಲಿ ಚರ್ಮದ ಡಾಕ್ಟರು: ಭಾನುವಾರದ ಪ್ರಶ್ನೋತ್ತರ

ಅಡ್ಮಿನ್: ನಮಸ್ಕಾರ. ನಮ್ಮೂರಿನವರೇ ಆದ ಚರ್ಮರೋಗ ತಜ್ಞೆ ಇಂದು ಹತ್ತರಿಂದ ಹನ್ನೆರಡರವರೆಗೆ ಗುಂಪಿನಲ್ಲಿರುತ್ತಾರೆ. ಒಬ್ಬರಿಗೆ ಒಂದೇ ಪ್ರಶ್ನೆ. ಶುಭೋದಯದ ಚಿತ್ರಗಳನ್ನು ದಯವಿಟ್ಟು ಎರಡು ಗಂಟೆ ತಡೆದುಕೊಳ್ಳಿ.

ಸುಮಾ: ಮೇಡಂ, ಎರಡು ವರ್ಷದಿಂದ ಕೆನ್ನೆಯ ಮೇಲೆ ಬಂಗು. ಏನು ಹಚ್ಚಲಿ?

ರಾಘು: ತೊಡೆಸಂದಿಯಲ್ಲಿ ಹುಳುಕಡ್ಡಿ, ಮೇಡಂ. ಎಂಟು ತಿಂಗಳಿಂದ ಹೋಗುತ್ತದೆ, ಬರುತ್ತದೆ. ಈಗ ಹೆಂಡತಿಗೂ ಎರಡು ವರ್ಷದ ಮಗನಿಗೂ ಅಂಟಿದೆ. ಮೆಡಿಕಲ್ ಶಾಪಿನವರು ಕೊಟ್ಟ ಟ್ಯೂಬ್ ಹಚ್ಚಿದರೆ ಎರಡೇ ದಿನಕ್ಕೆ ತುರಿಕೆ ನಿಲ್ಲುತ್ತದೆ. ಬಿಟ್ಟರೆ ಮತ್ತೆ ಶುರು.

ಡಾಕ್ಟರ್: ಎರಡೇ ದಿನಕ್ಕೆ ನಿಲ್ಲುತ್ತದೆ ಎಂದರೇ ನನಗೆ ಅನುಮಾನ. ಟ್ಯೂಬಿನ ಹಿಂದಿನ ಸಣ್ಣ ಅಕ್ಷರಗಳನ್ನು ಓದಿ. ಕ್ಲೊಬೆಟಸಾಲ್ ಅಥವಾ ಬೀಟಾಮೆಥಸೋನ್ ಎಂದಿದ್ದರೆ ಅದು ಸ್ಟೀರಾಯ್ಡ್. ಹುಳುಕಡ್ಡಿ ಎಂದರೆ ಶಿಲೀಂಧ್ರದ ಸೋಂಕು. ನಿಮ್ಮ ಮೈ ಆ ಶಿಲೀಂಧ್ರದೊಡನೆ ಜಗಳವಾಡುವುದರಿಂದಲೇ ಕೆಂಪು, ತುರಿಕೆ ಎಲ್ಲ. ಸ್ಟೀರಾಯ್ಡ್ ಆ ಜಗಳವನ್ನು ನಿಲ್ಲಿಸುತ್ತದೆ, ಶಿಲೀಂಧ್ರವನ್ನಲ್ಲ. ಅದು ಹಾಯಾಗಿ ಹಬ್ಬುತ್ತದೆ. ಇಂಥ ಮುಲಾಮುಗಳನ್ನು ಚೀಟಿ ಇಲ್ಲದೆ ಮಾರಬಾರದೆಂದು 2018ರಲ್ಲೇ ಸರ್ಕಾರ ಆದೇಶಿಸಿದೆ. ಅಂಗಡಿಯವರಿಗೆ ನೆನಪಿದ್ದಂತಿಲ್ಲ. ಈಗ ಹಬ್ಬಿರುವ ತಳಿಗೆ 2020ರಲ್ಲಿ ಜಪಾನಿನ ಸಂಶೋಧಕರು ಟ್ರೈಕೊಫೈಟಾನ್ ಇಂಡೋಟಿನಿಯೆ ಎಂದು ಹೆಸರಿಟ್ಟರು. ಹೆಸರಿನಲ್ಲೇ ನಮ್ಮ ದೇಶ ಕೂತಿದೆ. 2023ರಲ್ಲಿ ಅದು ನ್ಯೂಯಾರ್ಕಿನಲ್ಲೂ ಪತ್ತೆಯಾಯಿತು. ಶಿಲೀಂಧ್ರ ಕೊಲ್ಲಲು ಕೊಡುವ ಟರ್ಬಿನಾಫಿನ್ ಮಾತ್ರೆ ಯಾವ ಕಿಣ್ವವನ್ನು ತಡೆಯಬೇಕೋ ಆ ಕಿಣ್ವದ ಜೀನೇ ಈ ತಳಿಯಲ್ಲಿ ಎಷ್ಟೋ ಕಡೆ ಬದಲಾಗಿದೆ. ಹಾಗಾಗಿ ಹಳೆಯ ಎರಡು ವಾರದ ಲೆಕ್ಕ ಸಾಲದು. ಮೂವರೂ ಒಟ್ಟಿಗೆ ತೋರಿಸಿ. ಮಗುವಿಗೆ ಆ ಟ್ಯೂಬನ್ನು ಇನ್ನೊಮ್ಮೆಯೂ ಹಚ್ಚಬೇಡಿ.

ವಸಂತ: (ಫಾರ್ವರ್ಡ್) ಹುಳುಕಡ್ಡಿಗೆ ರಾಮಬಾಣ! ಬೆಳ್ಳುಳ್ಳಿ ಜಜ್ಜಿ ನಿಂಬೆರಸದಲ್ಲಿ ಕಲಸಿ ರಾತ್ರಿಯಿಡೀ ಬಟ್ಟೆ ಕಟ್ಟಿ. ಹತ್ತು ಜನರಿಗೆ ಕಳುಹಿಸಿ.

ಡಾಕ್ಟರ್: ಬೆಳ್ಳುಳ್ಳಿ ಚರ್ಮವನ್ನು ಸುಡುತ್ತದೆ. ಬೆಳಿಗ್ಗೆ ಹುಳುಕಡ್ಡಿಯ ಜೊತೆಗೆ ಸುಟ್ಟಗಾಯವೂ ಇರುತ್ತದೆ.

ನಾಗೇಶ: ನನಗೂ ಹುಳುಕಡ್ಡಿ, ಸೊಂಟದಲ್ಲಿ.

ಡಾಕ್ಟರ್: ಮೇಲೆ ರಾಘು ಅವರಿಗೆ ಬರೆದದ್ದು.

ಗಣಪತಿ: ನನ್ನದು ದೊಡ್ಡ ತೊಂದರೆಯಲ್ಲ, ತಂಗಿ. ಎಡ ಮುಂಗೈ ಮೇಲೆ ಎಂಟಾಣೆ ಅಗಲದ ಬಿಳಚಿದ ಮಚ್ಚೆ, ಈಗ ಅಂಗೈಯಷ್ಟಾಗಿದೆ. ಚಿಬ್ಬು ಎಂದರು. ತುರಿಕೆ ಇಲ್ಲ, ನೋವಿಲ್ಲ. ರಾಘು ಹೇಳಿದಂಥದೇ ಟ್ಯೂಬನ್ನು ಮೂರು ತಿಂಗಳು ಹಚ್ಚಿದೆ. ಹೋದ ವಾರ ಗೃಹಪ್ರವೇಶವೊಂದರಲ್ಲಿ ಹೋಳಿಗೆ ಬೇಯಿಸುವಾಗ ಕಾವಲಿಯ ಅಂಚು ತಾಗಿ ಅಲ್ಲೇ ಬೊಬ್ಬೆ ಎದ್ದಿದೆ. ಸಂಜೆ ಮಗಳು ನೋಡಿ ಕೂಗಿಕೊಂಡ ಮೇಲೆಯೇ ನನಗೆ ಗೊತ್ತಾದದ್ದು. ನಲವತ್ತು ವರ್ಷ ಬೆಂಕಿಯ ಮುಂದೆ ನಿಂತ ಕೈ, ಚರ್ಮ ದಪ್ಪವಾಗಿರಬೇಕು.

ವಸಂತ: ಗಣಪಣ್ಣ, ಮೀನು ತಿಂದು ಹಾಲು ಕುಡಿದರೆ ಹೀಗಾಗುತ್ತದಂತೆ.

ರಾಘು: ಅವರು ಮೀನು ತಿನ್ನುವವರೇ ಅಲ್ಲವಲ್ಲ, ಮಾರಾಯರೇ.

ಡಾಕ್ಟರ್: ಎಲ್ಲರೂ ಸ್ವಲ್ಪ ಸುಮ್ಮನಿರಿ. ಗಣಪಣ್ಣ, ಆ ಮಚ್ಚೆಯ ಮೇಲೆ ಕೂದಲು ಇದೆಯೇ? ಒಲೆಯ ಮುಂದೆ ನಿಂತಾಗ ಅಲ್ಲಿ ಬೆವರುತ್ತದೆಯೇ? ಕಿರುಬೆರಳು ಜೋಮು ಹಿಡಿಯುತ್ತದೆಯೇ? ಮಗಳನ್ನು ಕರೆಯಿರಿ. ಹತ್ತಿಯ ಎಳೆಯೊಂದನ್ನು ಹೊಸೆದು, ಮೊದಲು ಬಲಗೈಗೆ ಮುಟ್ಟಿಸಿ ಹೇಗಿರುತ್ತದೆಂದು ತೋರಿಸಲಿ. ಆಮೇಲೆ ನೀವು ಕಣ್ಣು ಮುಚ್ಚಿ. ಅವಳು ಮಚ್ಚೆಯ ಮೇಲೊಮ್ಮೆ, ಪಕ್ಕದಲ್ಲೊಮ್ಮೆ ಮುಟ್ಟಿಸಲಿ. ಎಲ್ಲಿ ಮುಟ್ಟಿತು ಎಂದು ಬೆರಳಿಟ್ಟು ತೋರಿಸಿ. ಸೂಜಿ ಬೇಡ.

ಶಾರದಮ್ಮ: ಡಾಕ್ಟರಮ್ಮ, ನಮ್ಮ ಯಜಮಾನರಿಗೆ ನಿನ್ನೆಯಿಂದ ಹಣೆಯ ಒಂದೇ ಬದಿಗೆ ಉರಿಗುಳ್ಳೆ. ಸರ್ಪಸುತ್ತು ಎನ್ನುತ್ತಾರೆ. ಕೆಮ್ಮಣ್ಣು ಹಚ್ಚಿದ್ದೇವೆ.

ಡಾಕ್ಟರ್: ಮಣ್ಣು ತೊಳೆಯಿರಿ, ಈಗಲೇ ಆಸ್ಪತ್ರೆಗೆ ಹೊರಡಿ. ವೈರಸ್ ತಡೆಯುವ ಮಾತ್ರೆಯನ್ನು 72 ಗಂಟೆಯೊಳಗೆ ಶುರುಮಾಡಿದರೆ ಹೆಚ್ಚು ಗುಣ. ಮೂಗಿನ ತುದಿಯಲ್ಲಿ ಗುಳ್ಳೆ ಇದ್ದರೆ ಕಣ್ಣಿಗೂ ಅಪಾಯ. ಕಣ್ಣಿನ ಡಾಕ್ಟರಿಗೂ ಇಂದೇ ತೋರಿಸಿ.

ವಸಂತ: ಸರ್ಪದ ತಲೆ ಬಾಲ ಕೂಡುವ ಮೊದಲು ಕೆಮ್ಮಣ್ಣಿನ ಗೆರೆ ಎಳೆಯಲೇಬೇಕು. ಹಿರಿಯರು ದಡ್ಡರಲ್ಲ.

ಮೇಷ್ಟ್ರು: ಸರ್ಪಸುತ್ತು ಹಬ್ಬುವುದು ಒಂದು ನರದ ಜಾಡಿನಲ್ಲಿ. ಆ ನರ ಮೈಯ ಅರ್ಧ ಭಾಗಕ್ಕೆ ಮಾತ್ರ ಹರಡಿರುತ್ತದೆ. ತಲೆ ಬಾಲ ಕೂಡುವುದೆಲ್ಲಿಂದ ಬಂತು? ನಿನಗೆ ಏಳನೇ ತರಗತಿಯಲ್ಲಿ ವಿಜ್ಞಾನ ಕಲಿಸಿದ್ದು ನಾನೇ ಎನ್ನಲು ನಾಚಿಕೆಯಾಗುತ್ತದೆ.

ವಸಂತ: ಗುರುಗಳೆಂದು ಸುಮ್ಮನಿದ್ದೇನೆ.

ಮೇಷ್ಟ್ರು: ಇದುವರೆಗೆ ಎಲ್ಲಿ ಸುಮ್ಮನಿದ್ದೆ? ಡಾಕ್ಟರ್, ಸರ್ಪಸುತ್ತಿನ ಲಸಿಕೆ ಹಾಕಿಸಿಕೊಂಡವರಿಗೆ ಮರೆವಿನ ಕಾಯಿಲೆಯೂ ಕಡಿಮೆ ಎಂದು ಓದಿದೆ. ನಿಜವೇ?

ಡಾಕ್ಟರ್: ವೇಲ್ಸಿನ ಅಧ್ಯಯನ, ಮೇಷ್ಟ್ರೇ, 2025ರಲ್ಲಿ ಪ್ರಕಟವಾಯಿತು. ಅಲ್ಲಿ 1933ರ ಸೆಪ್ಟೆಂಬರ್ 2ರಂದು ಅಥವಾ ಆಮೇಲೆ ಹುಟ್ಟಿದವರಿಗೆ ಲಸಿಕೆ ಸಿಕ್ಕಿತು, ಅದಕ್ಕಿಂತ ಮೊದಲು ಹುಟ್ಟಿದವರಿಗೆ ಇಲ್ಲ. ವಾರದ ಅಂತರದಲ್ಲಿ ಹುಟ್ಟಿದ ಈ ಎರಡು ಗುಂಪುಗಳನ್ನು ಹೋಲಿಸಿದರು. ಲಸಿಕೆ ಪಡೆದವರಲ್ಲಿ ಏಳು ವರ್ಷಗಳಲ್ಲಿ ಮರೆವಿನ ಕಾಯಿಲೆ ಐದರಲ್ಲೊಂದು ಪಾಲು ಕಡಿಮೆ. ಅದು ಹಳೆಯ ಲಸಿಕೆ. ಈಗ ಇಲ್ಲಿ ಸಿಗುವುದು ಬೇರೆ.

ಸುಮಾ: ಮೇಡಂ, ಬಂಗು ಕೇಳಿದ್ದೆ. ಚಿಟಿಕೆ ಅಡುಗೆಸೋಡ ಹಚ್ಚಬಹುದೇ?

ಗಣಪತಿ: ಮಗಳು ಒಂಬತ್ತು ಸಲ ಮುಟ್ಟಿಸಿದಳಂತೆ. ನಾನು ನಾಲ್ಕು ಸಲ ತೋರಿಸಿದೆ. ಇನ್ನೂ ಶುರುವಾಗಿಲ್ಲ ಎಂದುಕೊಂಡಿದ್ದಾಗಲೇ ಮಚ್ಚೆಯ ಮೇಲೆ ಐದು ಸಲ ಮುಟ್ಟಿಸಿ ಆಗಿತ್ತಂತೆ. ಅಲ್ಲಿ ಕೂದಲೂ ಇಲ್ಲ. ಕಿರುಬೆರಳು ಜೋಮು ಹೌದು, ಬೆಳಿಗ್ಗೆ.

ಡಾಕ್ಟರ್: ನನಗೆ ಫೋನ್ ಮಾಡಿ, ಗಣಪಣ್ಣ. ಇಲ್ಲಿ ಬೇಡ.

ಗಣಪತಿ: ಇಲ್ಲಿ ಇರುವವರೆಲ್ಲ ನನ್ನ ಕೈ ಅಡುಗೆ ಉಂಡವರೇ. ನಿನ್ನ ಮದುವೆಗೂ ನಾನೇ ಸೌಟು ಹಿಡಿದದ್ದು. ಕುಷ್ಠವೇ? ಇಲ್ಲೇ ಹೇಳು.

ಡಾಕ್ಟರ್: ಸರಿ. ನೋಡದೆ ಖಚಿತವಾಗಿ ಹೇಳಲಾರೆ, ಆದರೆ ನನ್ನ ಮನಸ್ಸಿನಲ್ಲಿರುವುದು ಅದೇ. ಬಿಳಚಿದ ಮಚ್ಚೆ, ಅದರಲ್ಲಿ ಸ್ಪರ್ಶವಿಲ್ಲ ಎಂದರೆ ಬೇರೆ ಕಾಯಿಲೆಗಳು ಹಿಂದೆ ಸರಿಯುತ್ತವೆ. ಚಿಬ್ಬಿನಲ್ಲೂ ತೊನ್ನಿನಲ್ಲೂ ಸ್ಪರ್ಶ ಹೋಗುವುದಿಲ್ಲ. 1873ರಲ್ಲಿ ನಾರ್ವೆಯ ಹ್ಯಾನ್ಸನ್ ಕಂಡುಹಿಡಿದ ಈ ಬ್ಯಾಕ್ಟೀರಿಯಾ ಮಹಾ ಸೋಮಾರಿ. ಒಂದು ಎರಡಾಗಲು ಎರಡು ವಾರ ಬೇಕು. ಸೋಂಕು ತಗುಲಿ ಲಕ್ಷಣ ಕಾಣಲು ಸರಾಸರಿ ಐದು ವರ್ಷ, ಕೆಲವರಲ್ಲಿ ಇಪ್ಪತ್ತು. ಎಲ್ಲಿಂದ ಬಂತು ಎಂದು ಹುಡುಕುತ್ತಾ ಕೂರಬೇಡಿ. ಬಹುಪಾಲು ಜನರ ಮೈ ಇದನ್ನು ತಾನೇ ಗೆಲ್ಲುತ್ತದೆ. ಯಾರಿಗೆ ತಗುಲುತ್ತದೆ ಎಂಬುದರಲ್ಲಿ ಹುಟ್ಟಿನಿಂದ ಬಂದ ಜೀನುಗಳ ಪಾತ್ರವೂ ಇದೆ, ಕುಲದ್ದಲ್ಲ, ಕರ್ಮದ್ದಲ್ಲ.

ನನಗೆ ಆತಂಕ ಮಚ್ಚೆಯ ಬಗ್ಗೆ ಅಲ್ಲ, ಕಿರುಬೆರಳಿನ ಬಗ್ಗೆ. ಈ ಕಾಯಿಲೆ ನರಗಳಿಗೂ ತಗುಲುತ್ತದೆ. ಮೊಣಕೈ ಗೋಡೆಗೆ ತಾಗಿದರೆ ಜುಮ್ಮೆನ್ನುತ್ತದಲ್ಲ, ಆ ನರ ಬಾತಿದ್ದರೆ ಕೊನೆಯ ಎರಡು ಬೆರಳುಗಳು ಮಡಚಿಕೊಂಡುಬಿಡುತ್ತವೆ. ಸೌಟು ಹಿಡಿಯುವವರ ಕೈ ಅದು. ಹಾಗಿದ್ದರೆ ನಾನೇ ಸ್ಟೀರಾಯ್ಡ್ ಮಾತ್ರೆ ಕೊಡುತ್ತೇನೆ. ಹೌದು, ಬೆಳಿಗ್ಗೆಯಿಂದ ಬಯ್ಯುತ್ತಿರುವ ಅದೇ ಸ್ಟೀರಾಯ್ಡ್. ಆದರೆ ಅಳೆದು, ವಾರಗಳ ಲೆಕ್ಕದಲ್ಲಿ, ಕಾಯಿಲೆಯ ಔಷಧದ ಜೊತೆಗೆ. ಔಷಧವೆಂದರೆ ರಿಫಾಂಪಿಸಿನ್, ಡ್ಯಾಪ್ಸೋನ್, ಕ್ಲೊಫಜಿಮಿನ್. ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. ಆರು ತಿಂಗಳು ಅಥವಾ ಒಂದು ವರ್ಷ. ಮೂತ್ರ ಕೆಂಪಾಗುತ್ತದೆ, ಮೈಬಣ್ಣ ಸ್ವಲ್ಪ ಕಪ್ಪಾಗುತ್ತದೆ, ಹೆದರಬೇಡಿ. ಆದರೆ ಜ್ವರ ಬಂದು ಮೈತುಂಬ ದದ್ದು ಎದ್ದರೆ ಅಂದೇ ಬನ್ನಿ. ಕೆಲವರಿಗೆ ಡ್ಯಾಪ್ಸೋನ್ ಒಗ್ಗುವುದಿಲ್ಲ. ಅದಕ್ಕೆ ಕಾರಣವಾಗುವ ಜೀನ್ ಮಾದರಿಯನ್ನು 2013ರಲ್ಲಿ ಚೀನಾದಲ್ಲಿ ಗುರುತಿಸಿದ್ದಾರೆ.

ಅತ್ತಿಗೆಯನ್ನೂ ಮಗಳನ್ನೂ ಕರೆತನ್ನಿ. ಪರೀಕ್ಷಿಸಿ, ಕಾಯಿಲೆ ಇಲ್ಲದಿದ್ದರೆ ಅವರಿಗೆ ಒಂದೇ ಸಲ ರಿಫಾಂಪಿಸಿನ್ ಕೊಡುವ ಕ್ರಮವಿದೆ. ಬಾಂಗ್ಲಾದೇಶದ ದೊಡ್ಡ ಪ್ರಯೋಗದಲ್ಲಿ ಒಂದೇ ಸಲ ಕೊಟ್ಟ ಆ ಔಷಧದಿಂದ ಮೊದಲ ಎರಡು ವರ್ಷ ಹೊಸ ಪ್ರಕರಣಗಳು ಶೇ. 57ರಷ್ಟು ಇಳಿದವು.

ನಾಗೇಶ: ಕುಷ್ಠ ದೇಶದಿಂದಲೇ ಹೋಯಿತು ಎಂದು ಸರ್ಕಾರ ಹೇಳಿತ್ತಲ್ಲ?

ಡಾಕ್ಟರ್: 2005ರಲ್ಲಿ ಹೇಳಿದ್ದು ಹತ್ತು ಸಾವಿರಕ್ಕೆ ಒಂದಕ್ಕಿಂತ ಕಡಿಮೆಯಾಯಿತು ಎಂದು. ಜನ ಕೇಳಿಸಿಕೊಂಡದ್ದು ಹೋಯಿತು ಎಂದು. ಜಗತ್ತಿನ ಹೊಸ ಪ್ರಕರಣಗಳಲ್ಲಿ ಅರ್ಧಕ್ಕಿಂತ ಹೆಚ್ಚು ಈಗಲೂ ನಮ್ಮವೇ.

ಪ್ರಕಾಶ: ತಪ್ಪು ತಿಳಿಯಬೇಡಿ. ವೈಶಾಖದಲ್ಲಿ ನಮ್ಮ ಮಗಳ ಮದುವೆಯ ಅಡುಗೆಯನ್ನು ಗಣಪಣ್ಣನಿಗೇ ಒಪ್ಪಿಸಿದ್ದೇವೆ. ಐನೂರು ಎಲೆ. ಬೀಗರ ಕಿವಿಗೆ ಬಿದ್ದರೆ ಏನು ಹೇಳುವುದು?

ರಾಘು: ಇಂಥ ಹೊತ್ತಿನಲ್ಲಿ ಕೇಳುವ ಮಾತೇ ಇದು?

ವಸಂತ: ಪ್ರಕಾಶ ಹೇಳಿದ್ದರಲ್ಲಿ ತಪ್ಪೇನಿದೆ? ಊಟದ ವಿಷಯ.

ಡಾಕ್ಟರ್: ಊಟದಿಂದ ಇದು ಹರಡುವುದಿಲ್ಲ. ಕೈ ಕುಲುಕಿದರೆ, ಪಕ್ಕದಲ್ಲಿ ಕುಳಿತರೆ ಹರಡುವುದಿಲ್ಲ. ಔಷಧ ಪಡೆಯದವರ ಉಸಿರಿನ ಹನಿಗಳಿಂದ, ಅದೂ ತಿಂಗಳುಗಟ್ಟಲೆ ಹತ್ತಿರವಿದ್ದವರಿಗೆ ಮಾತ್ರ. ಔಷಧ ಶುರುವಾದ ಮೇಲೆ ಅದೂ ಇಲ್ಲ. ಮದುವೆಗೆ ಇನ್ನೂ ಮೂರು ತಿಂಗಳಿದೆ.

ಪ್ರಕಾಶ: ನಿಮಗೆ ಗೊತ್ತು, ನನಗೆ ಗೊತ್ತು. ಬೀಗರಿಗೆ?

ಮೇಷ್ಟ್ರು: ಕುಷ್ಠವೆಂದು ವಿಚ್ಛೇದನ ಕೇಳುವಂತಿಲ್ಲ ಎಂದು 2019ರಲ್ಲೇ ಕಾನೂನು ತಿದ್ದಿದ್ದಾರೆ. ನೀನು ಅಡುಗೆಯವನಿಗೇ ವಿಚ್ಛೇದನ ಕೊಡಲು ಹೊರಟೆಯಲ್ಲ.

ಪ್ರಕಾಶ: ಮೇಷ್ಟ್ರೇ, ನಿಮ್ಮ ಮನೆಯ ಮದುವೆಗಳೆಲ್ಲ ಮುಗಿದಿವೆ. ಮಾತಾಡುವುದು ಸುಲಭ.

ವಸಂತ: (ಫಾರ್ವರ್ಡ್) ಚರ್ಮದ ಯಾವುದೇ ಕಾಯಿಲೆಗೆ ಬೇವಿನ ಚಕ್ಕೆಯ ಕಷಾಯ...

ಡಾಕ್ಟರ್: ವಸಂತ, ಅದನ್ನು ಈಗಲೇ ಅಳಿಸಿ. ಕಷಾಯ ಕುಡಿಯುತ್ತಾ ಮೂರು ತಿಂಗಳು ಕಳೆದು, ಮಡಚಿದ ಬೆರಳುಗಳೊಡನೆ ಬಂದವರನ್ನು ನಾನು ನೋಡಿದ್ದೇನೆ. ಅಡ್ಮಿನ್, ಇವರನ್ನು ತಡೆಯಿರಿ, ಇಲ್ಲವಾದರೆ ನಾನು ಹೊರಡುತ್ತೇನೆ.

ಅಡ್ಮಿನ್: ಎಲ್ಲರೂ ಸಮಾಧಾನವಾಗಿರಿ. ಉಳಿದ ಪ್ರಶ್ನೆಗಳನ್ನು ಮುಂದಿನ ಭಾನುವಾರ ತೆಗೆದುಕೊಳ್ಳೋಣ.

ಸುಮಾ: ಮುಂದಿನ ಭಾನುವಾರವೇ? ಬೆಳಿಗ್ಗೆ ಮೊದಲು ಕೇಳಿದವಳು ನಾನು.

ಗಣಪತಿ: ನಾಳೆ ಮೊದಲ ಬಸ್ಸಿಗೆ ಬರುತ್ತೇವೆ, ತಂಗಿ, ಮೂವರೂ. ಪ್ರಕಾಶ, ಸಾಮಾನಿನ ಪಟ್ಟಿಯನ್ನು ಬುಧವಾರ ಕಳಿಸುತ್ತೇನೆ ಎಂದಿದ್ದೆ. ತೊಗರಿಬೇಳೆ, ಬೆಲ್ಲದ ಲೆಕ್ಕ ಬರೆದಾಗಿದೆ. ಕಳಿಸಲೋ ಬೇಡವೋ, ಅಷ್ಟು ಹೇಳಿಬಿಡು.