ವಿಶ್ವಕಿರಣಗಳಿಂದ ನಮ್ಮನ್ನು ಕಾಯುವುದು ಭೂಮಿಯ ಕಾಂತಕ್ಷೇತ್ರವೋ, ಗಾಳಿಯೋ?

ಪ್ರಶ್ನೆ: ಪಿಯು ಭೌತಶಾಸ್ತ್ರ ಉಪನ್ಯಾಸಕಿ, ಬಸವನಗುಡಿ

ನಮಸ್ಕಾರ. ಕಳೆದ ವಾರ ದ್ವಿತೀಯ ಪಿಯುಸಿ ಮಕ್ಕಳ ಜೊತೆ ನಮ್ಮ ಪ್ರಯೋಗಾಲಯದಲ್ಲಿ ವಿದ್ಯುದಂಶವಿರುವ ಕಣಗಳ ಜಾಡನ್ನು ಮಂಜಿನ ಎಳೆಯಾಗಿ ತೋರಿಸುವ ಒಂದು ಕ್ಲೌಡ್ ಚೇಂಬರ್ ಮಾಡಿದೆವು. ಮೀನು ಸಾಕುವ ಗಾಜಿನ ತೊಟ್ಟಿಯನ್ನು ಬೋರಲು ಹಾಕಿ, ಮೇಲ್ಭಾಗದ ಒಳಗೆ ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ನೆನೆಸಿದ ದಪ್ಪ ಬಟ್ಟೆ ಅಂಟಿಸಿ, ಕೆಳಗೆ ಕಪ್ಪು ಬಣ್ಣ ಬಳಿದ ಲೋಹದ ತಟ್ಟೆಯನ್ನು ಡ್ರೈ ಐಸ್ ಮೇಲೆ ಕೂರಿಸಿ, ಕೋಣೆಯ ದೀಪ ಆರಿಸಿ ಪಕ್ಕದಿಂದ ಟಾರ್ಚ್ ಬಿಟ್ಟೆವು. ಹತ್ತು ನಿಮಿಷ ಏನೂ ಕಾಣಲಿಲ್ಲ. ಆಮೇಲೆ ತಟ್ಟೆಯ ಮೇಲೆ ಕವಿದಿದ್ದ ತೆಳು ಮಂಜಿನಲ್ಲಿ ಸೂಜಿಯಿಂದ ಗೀರಿದಂತಹ ಬಿಳಿಯ ಎಳೆಗಳು ಮೂಡಿ, ನೋಡನೋಡುತ್ತಿದ್ದಂತೆ ಕರಗತೊಡಗಿದವು.

ಆಗ ಒಬ್ಬ ಹುಡುಗಿ, "ಭೂಮಿಯ ಕಾಂತಕ್ಷೇತ್ರ ವಿಶ್ವಕಿರಣಗಳನ್ನು ತಡೆಯುತ್ತದೆ ಎಂದು ಓದಿದ್ದೇವಲ್ಲ ಮಿಸ್, ಹಾಗಾದರೆ ಇವು ಹೇಗೆ ಬಂದವು?" ಎಂದು ಕೇಳಿದಳು. ವಾತಾವರಣವೂ ತಡೆಯುತ್ತದೆ ಎಂದು ಹೇಳಿದೆನೇ ಹೊರತು, ಯಾವುದರ ಪಾಲು ಎಷ್ಟು ಎಂದು ಹೇಳಲಾಗಲಿಲ್ಲ. ಕಾಂತಕ್ಷೇತ್ರ ಹೋದದ್ದರಿಂದಲೇ ಮಂಗಳನ ವಾತಾವರಣವೂ ಹೋಯಿತು ಎನ್ನುತ್ತಾರಲ್ಲ, ಅದು ಸರಿಯೇ? ಕಾಲೇಜಿನ ತಾರಸಿಯ ಮೇಲೆ ಮಕ್ಕಳಿಗೆ ಅಳೆದು ತೋರಿಸಬಹುದಾದ್ದು ಏನಾದರೂ ಇದೆಯೇ?

ಉತ್ತರ: ನಿವೃತ್ತ ಭೌತವಿಜ್ಞಾನಿ, ಮಲ್ಲೇಶ್ವರಂ

ಮೇಡಂ, ಮೊದಲು ಆ ಎಳೆಗಳ ವಿಷಯ. ಮೋಟಾಗಿ ದಪ್ಪಗಿದ್ದವು ಕೋಣೆಯ ಗಾಳಿಯಲ್ಲಿರುವ ರೇಡಾನ್ ಅನಿಲದಿಂದ ಬಂದ ಆಲ್ಫಾ ಕಣಗಳು. ಅವಕ್ಕೂ ಆಕಾಶಕ್ಕೂ ಸಂಬಂಧವಿಲ್ಲ. ಉದ್ದಕ್ಕೆ, ತೆಳ್ಳಗೆ, ನೇರವಾಗಿ ಸಾಗಿದವುಗಳಲ್ಲಿ ಹೆಚ್ಚಿನವು ಎಲೆಕ್ಟ್ರಾನಿನ ಹಾಗೆಯೇ ಇದ್ದು ಅದಕ್ಕಿಂತ ಭಾರವಾದ ಕಣಗಳಾದ ಮ್ಯೂಆನ್‌ಗಳು. ವಿಶ್ವಕಿರಣಗಳೆಂದರೆ ಬಾಹ್ಯಾಕಾಶದಿಂದ ಧಾವಿಸಿ ಬರುವ ಕಣಗಳು, ಹೆಚ್ಚಾಗಿ ಪ್ರೋಟಾನ್‌ಗಳು. ಅಂತಹ ಒಂದು ಪ್ರೋಟಾನ್ ಸುಮಾರು 15 ಕಿ.ಮೀ. ಎತ್ತರದಲ್ಲಿ ಗಾಳಿಯ ಪರಮಾಣು ಬೀಜಕ್ಕೆ ಬಡಿದಾಗ ಹುಟ್ಟುವ ಅಲ್ಪಾಯುಷಿ ಕಣಗಳಾದ ಪಯಾನ್‌ಗಳು ಕ್ಷಣಾರ್ಧದಲ್ಲಿ ಒಡೆದು ಮ್ಯೂಆನ್‌ಗಳಾಗುತ್ತವೆ. ಮ್ಯೂಆನಿನ ಸರಾಸರಿ ಆಯುಷ್ಯ 2.2 ಮೈಕ್ರೊಸೆಕೆಂಡ್, ಅಷ್ಟರಲ್ಲಿ ಬೆಳಕೇ 660 ಮೀಟರ್ ದಾಟುವುದಿಲ್ಲ. ಆದರೂ ಅವು ಬಸವನಗುಡಿಯವರೆಗೆ ಬರುತ್ತವೆ ಎಂದರೆ, ಬೆಳಕಿನ ವೇಗಕ್ಕೆ ಹತ್ತಿರದಲ್ಲಿ ಓಡುವ ಕಣದ ಗಡಿಯಾರ ನಮ್ಮ ಲೆಕ್ಕದಲ್ಲಿ ನಿಧಾನವಾಗುತ್ತದೆ ಎನ್ನುವುದನ್ನು ನಿಮ್ಮ ಮಕ್ಕಳು ಕಣ್ಣಾರೆ ಕಂಡಂತಾಯಿತು. ಸಮುದ್ರಮಟ್ಟದಲ್ಲಿ ಪ್ರತಿ ಚದರ ಸೆಂಟಿಮೀಟರಿಗೆ ನಿಮಿಷಕ್ಕೆ ಸುಮಾರು ಒಂದು ಮ್ಯೂಆನ್ ಬೀಳುತ್ತದೆ. ಅಂಗೈ ಚಾಚಿ ನಿಂತರೆ ಸೆಕೆಂಡಿಗೆ ಒಂದಾದರೂ ಅದನ್ನು ದಾಟಿಹೋಗುತ್ತದೆ.

ಇನ್ನು ಪಾಲಿನ ಲೆಕ್ಕ. ಬೆಂಗಳೂರು ಕಾಂತೀಯ ಸಮಭಾಜಕಕ್ಕೆ ಹತ್ತಿರವಿರುವುದರಿಂದ, ನೇರ ಮೇಲಿನಿಂದ ಬರುವ ಪ್ರೋಟಾನಿಗೆ ಸುಮಾರು 17 ಶತಕೋಟಿ ಎಲೆಕ್ಟ್ರಾನ್‌ವೋಲ್ಟ್ ಶಕ್ತಿಯಿಲ್ಲದಿದ್ದರೆ ಕಾಂತಕ್ಷೇತ್ರ ಅದನ್ನು ಬಾಗಿಸಿ ಆಚೆ ಕಳಿಸುತ್ತದೆ. ಸಂಖ್ಯೆಯಲ್ಲಿ ನೋಡಿದರೆ ವಿಶ್ವಕಿರಣಗಳ ಬಹುಪಾಲು ಈ ಮಿತಿಗಿಂತ ಕೆಳಗಿನವೇ. ಧ್ರುವಗಳಲ್ಲಿ ಈ ತಡೆ ಇಲ್ಲವೆನ್ನುವಷ್ಟು ಕಡಿಮೆ. ಹಾಗಿದ್ದರೂ ಸಮುದ್ರಮಟ್ಟದಲ್ಲಿ ಅಳೆದರೆ ಅಲ್ಲಿಗೂ ಇಲ್ಲಿಗೂ ಇರುವ ವ್ಯತ್ಯಾಸ ಶೇ. 10-15 ಮಾತ್ರ. ಕಾರಣ ಸರಳ: ಕಾಂತಕ್ಷೇತ್ರ ತಿರುಗಿಸಿ ಕಳಿಸುವ ದುರ್ಬಲ ಕಣಗಳು ಒಳಗೆ ಬಂದಿದ್ದರೂ ಗಾಳಿ ಅವುಗಳಲ್ಲಿ ಬಹುತೇಕವನ್ನು ನುಂಗಿಬಿಡುತ್ತಿತ್ತು. ಒಂದು ಥರ್ಟಿ-ಫಾರ್ಟಿ ಸೈಟಿನ ಮೇಲೆ ನಿಂತಿರುವ ಗಾಳಿಯ ತೂಕ ಸುಮಾರು ಸಾವಿರ ಟನ್. ಒಂಬತ್ತು ಮೀಟರಿಗೂ ಹೆಚ್ಚು ಆಳದ ನೀರಿನ ತಳದಲ್ಲಿ ಕೂತಷ್ಟು ರಕ್ಷಣೆ ಅದು. ಆದ್ದರಿಂದ ನೆಲದ ಮೇಲಿರುವ ನಮಗೆ ದೊಡ್ಡ ಗುರಾಣಿ ಗಾಳಿಯೇ ಎಂದು ಆ ಹುಡುಗಿಗೆ ಧೈರ್ಯವಾಗಿ ಹೇಳಿ. ಉಪಗ್ರಹಗಳಿಗೂ ಗಗನಯಾತ್ರಿಗಳಿಗೂ ಈ ಮಾತು ಹೊಂದುವುದಿಲ್ಲ. ಅವರ ಮೇಲೆ ಗಾಳಿಯಿಲ್ಲ.

ಉತ್ತರ: ಗ್ರಹ ವಾತಾವರಣಗಳ ಸಂಶೋಧನಾ ವಿದ್ಯಾರ್ಥಿ, ಯಶವಂತಪುರ

ಸರ್ ಹೇಳಿದ್ದಕ್ಕೆ ಮಂಗಳವೇ ಸಾಕ್ಷಿ. ಅಲ್ಲಿಯ ಗಾಳಿಯ ಒತ್ತಡ ನಮ್ಮದರ ಶೇ. 1ಕ್ಕಿಂತ ಕಡಿಮೆ. ಕ್ಯೂರಿಯಾಸಿಟಿ ರೋವರ್ ಅಲ್ಲಿ ಅಳೆದ ವಿಕಿರಣ ದಿನಕ್ಕೆ ಸುಮಾರು 0.7 ಮಿಲಿಸೀವರ್ಟ್ (ದೇಹಕ್ಕೆ ತಗಲುವ ವಿಕಿರಣದ ಅಳತೆ), ಇಲ್ಲಿ ಸಮುದ್ರಮಟ್ಟದಲ್ಲಿ ವಿಶ್ವಕಿರಣಗಳಿಂದ ವರ್ಷವಿಡೀ ಸಿಗುವುದಕ್ಕಿಂತ ಅದು ಹೆಚ್ಚು.

ಎರಡನೆಯ ಪ್ರಶ್ನೆ ಅಷ್ಟು ಸುಲಭದ್ದಲ್ಲ. ಮಂಗಳನ ಕಾಂತಕ್ಷೇತ್ರ ಸುಮಾರು 400 ಕೋಟಿ ವರ್ಷಗಳ ಹಿಂದೆ ಅಳಿದದ್ದು ನಿಜ. ಸೂರ್ಯನಿಂದ ಹರಿದುಬರುವ ಪ್ಲಾಸ್ಮಾ, ಅಂದರೆ ಸೌರಮಾರುತ, ಆಮೇಲೆ ನೇರವಾಗಿ ಅದರ ಮೇಲ್ಪದರಕ್ಕೆ ಬಡಿಯತೊಡಗಿತು. 2014ರಿಂದ ಮಂಗಳವನ್ನು ಸುತ್ತಿದ ನಾಸಾದ ಮೇವನ್ ನೌಕೆ, ಸೆಕೆಂಡಿಗೆ ಸುಮಾರು 100 ಗ್ರಾಂ ಅನಿಲ ಹೀಗೆ ಸೋರುತ್ತಿದೆಯೆಂದೂ ಸೌರ ಬಿರುಗಾಳಿಯ ಹೊತ್ತಿನಲ್ಲಿ ಸೋರಿಕೆ ಏರುತ್ತದೆಂದೂ ಕಂಡಿತು. ಯಾವುದರೊಂದಿಗೂ ಕೂಡದ ಆರ್ಗಾನ್ ಅನಿಲದ ಹಗುರ, ಭಾರದ ಪರಮಾಣುಗಳನ್ನು ಹೋಲಿಸಿ (ಹಗುರವಾದವು ಹೆಚ್ಚು ಸುಲಭವಾಗಿ ತಪ್ಪಿಸಿಕೊಳ್ಳುತ್ತವೆ), ಇದ್ದ ಆರ್ಗಾನಿನಲ್ಲಿ ಸುಮಾರು ಶೇ. 65 ಬಾಹ್ಯಾಕಾಶಕ್ಕೆ ಹೋಗಿದೆ ಎಂಬ ಲೆಕ್ಕ 2017ರಲ್ಲಿ ಬಂತು.

ಆದರೆ ಶುಕ್ರನನ್ನು ನೋಡಿ. ಅದಕ್ಕೂ ಸ್ವಂತ ಕಾಂತಕ್ಷೇತ್ರವಿಲ್ಲ, ಅದು ಸೂರ್ಯನಿಗೆ ಇನ್ನೂ ಹತ್ತಿರ, ಆದರೂ ಅದರ ನೆಲದಲ್ಲಿ ಗಾಳಿಯ ಒತ್ತಡ ನಮ್ಮಲ್ಲಿಯದರ ಸುಮಾರು 90 ಪಟ್ಟು. ಶುಕ್ರನಿಂದ ತಪ್ಪಿಸಿಕೊಳ್ಳಲು ಸೆಕೆಂಡಿಗೆ 10.4 ಕಿ.ಮೀ. ವೇಗ ಬೇಕು, ಮಂಗಳನಿಂದ 5 ಸಾಕು. ಕಾಂತಕ್ಷೇತ್ರವಿರುವ ಭೂಮಿಯ ಧ್ರುವಗಳಿಂದಲೂ ಆಮ್ಲಜನಕದ ಅಯಾನುಗಳು ಹೊರಹೋಗುತ್ತಲೇ ಇವೆ. ಹಾಗಾಗಿ ಮಂಗಳನ ಬಡತನಕ್ಕೆ ಅದರ ಸಣ್ಣ ಗಾತ್ರವನ್ನು ಬಿಟ್ಟು ಕಾಂತಕ್ಷೇತ್ರವೊಂದನ್ನೇ ಕಾರಣ ಮಾಡುವುದು ನನಗೆ ಒಪ್ಪಿಗೆಯಾಗುವುದಿಲ್ಲ.

ಸೌರಮಾರುತದ ಉಪಕಾರವನ್ನೂ ಹೇಳಬೇಕು. ಅದು ಹೊತ್ತೊಯ್ಯುವ ಕಾಂತಕ್ಷೇತ್ರ ಆಕಾಶಗಂಗೆಯಿಂದ ಬರುವ ವಿಶ್ವಕಿರಣಗಳಲ್ಲಿ ಬಹಳಷ್ಟನ್ನು ದೂರದಲ್ಲೇ ತಡೆಯುತ್ತದೆ; 2012ರ ಆಗಸ್ಟಿನಲ್ಲಿ ವಾಯೇಜರ್-1 ನೌಕೆ ಸೌರಮಾರುತದ ಹರಹು ಮುಗಿಯುವ ಗಡಿ ದಾಟಿದಾಗ ವಿಶ್ವಕಿರಣಗಳ ಎಣಿಕೆ ಥಟ್ಟನೆ ಏರಿತು.

ಉತ್ತರ: ಎಂಜಿನಿಯರಿಂಗ್ ಕಾಲೇಜಿನ ಅಧ್ಯಾಪಕ, ವಿಜಯನಗರ

ತಾರಸಿಯ ಪ್ರಯೋಗಕ್ಕೆ ಕ್ಲೌಡ್ ಚೇಂಬರ್ ಸಾಲದು. ಕಣವೊಂದು ದಾಟಿದಾಗಲೆಲ್ಲ ಮಿಡಿಯುವ ಎರಡು ಗೈಗರ್ ಟ್ಯೂಬ್‌ಗಳನ್ನು ಒಂದಡಿ ಅಂತರದಲ್ಲಿ ಒಂದೇ ಮರದ ಪಟ್ಟಿಗೆ ಕಟ್ಟಿ, ಎರಡೂ ಒಟ್ಟಿಗೆ ಮಿಡಿದಾಗ ಮಾತ್ರ ಎಣಿಸುವ ಸರ್ಕ್ಯೂಟ್ ಜೋಡಿಸಿ. ಆಗ ರೇಡಾನಿನ ಕಾಟ ತಪ್ಪುತ್ತದೆ, ಕಣ ಬಂದ ದಿಕ್ಕೂ ತಿಳಿಯುತ್ತದೆ. ಹೋಮಿ ಭಾಭಾ ಮತ್ತು ವಿಕ್ರಮ್ ಸಾರಾಭಾಯಿ 1940ರ ದಶಕದಲ್ಲಿ ನಮ್ಮ ಭಾರತೀಯ ವಿಜ್ಞಾನ ಸಂಸ್ಥೆ, ಅಂದರೆ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ ವಿಶ್ವಕಿರಣಗಳ ಬೆನ್ನುಹತ್ತಿದ್ದರು ಎಂಬುದನ್ನು ಮಕ್ಕಳಿಗೆ ಹೇಳಿ. ಇದೇ ಊರಿನ ಆಕಾಶದ ಕೆಳಗೆ ಅವರೂ ಎಣಿಸಿದ್ದಾರೆ.

ಪಟ್ಟಿಯನ್ನು ನೆಟ್ಟಗೆ ನಿಲ್ಲಿಸಿ ಎಣಿಸಿ, ಆಮೇಲೆ 60 ಡಿಗ್ರಿ ಬಾಗಿಸಿ. ಕಣ ದಾಟಬೇಕಾದ ಗಾಳಿ ಎರಡು ಪಟ್ಟಾಗುತ್ತದೆ, ಎಣಿಕೆ ಸುಮಾರು ಕಾಲು ಭಾಗಕ್ಕೆ ಇಳಿಯುತ್ತದೆ. ಅದು ಗಾಳಿಯ ಕೆಲಸ. ಬಳಿಕ 45 ಡಿಗ್ರಿ ಬಾಗಿಸಿ ಒಮ್ಮೆ ಪಶ್ಚಿಮಕ್ಕೆ, ಒಮ್ಮೆ ಪೂರ್ವಕ್ಕೆ ತಿರುಗಿಸಿ. ವಿಶ್ವಕಿರಣಗಳಲ್ಲಿ ಹೆಚ್ಚಿನವು ಧನ ವಿದ್ಯುದಂಶದವಾದ್ದರಿಂದ ಪಶ್ಚಿಮದ ಎಣಿಕೆ ಶೇ. 10ರ ಆಸುಪಾಸಿನಲ್ಲಿ ಹೆಚ್ಚಿರುತ್ತದೆ. ಅದು ಕಾಂತಕ್ಷೇತ್ರದ ಕೆಲಸ. ಧ್ರುವಕ್ಕೆ ಹತ್ತಿರದ ಊರಿನವರಿಗೆ ಇದು ಇಷ್ಟು ಚೆನ್ನಾಗಿ ಕಾಣುವುದಿಲ್ಲ. ಪ್ರತಿ ದಿಕ್ಕಿಗೂ 4,000 ಎಣಿಕೆಯಾದರೂ ಆಗಲಿ, ಆಗ ಆಕಸ್ಮಿಕ ಏರುಪೇರು ಸುಮಾರು 63, ಅಂದರೆ ಎಣಿಕೆಯ ಶೇ. 1.6ರಷ್ಟಕ್ಕೆ ಇಳಿಯುತ್ತದೆ. ಇದಕ್ಕೆ ಕೆಲವು ದಿನಗಳೇ ಹಿಡಿಯಬಹುದು. ಟ್ಯೂಬ್‌ಗಳಿಗೆ ಬಿಸಿಲು ಬೀಳದಂತೆ ನೋಡಿಕೊಳ್ಳಿ, ನೀರಿನ ಟ್ಯಾಂಕಿನ ಗೋಡೆ ಯಾವ ದಿಕ್ಕಿಗೂ ಅಡ್ಡ ಬಾರದ ಜಾಗ ಆರಿಸಿ.